ತೊಡದೆ ತಿರುಗಿ ಬಂದ ಚೀಲ

"ಈ ಬೂಟು ನಿಮಗ ಕೊಡಂಗಿಲ್ರಿ!"

ವಿಶಾಖಾ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು. ಎದುರಿಗೆ ಸ್ಟೂಲಿನ ಮೇಲೆ ಕೂತವನು ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಹಳೇ ಚಪ್ಪಲಿ ಹಾಕಿಕೊಂಡು ಬಾಯಿ ತೆರೆದು ನೋಡಿದ.

"ಯಾಕ್ರಿ? ಮಾರಲಾಕ ಇಟ್ಟಿಲ್ಲೇನು?"

"ಇಟ್ಟೇವಿ. ನಿಮಗಲ್ಲ. ಒಂದ್ ನಂಬರ್ ದೊಡ್ಡದು ತೊಗೋರಿ."

"ನನ್ನ ಕಾಲಿನ ಅಳತಿ ನನಗ ಗೊತ್ತಿಲ್ಲೇನ್ರಿ? ಎಂಟು ಬರೋಬರ್ ಕುಂತದ, ನೋಡ್ರಿ."

"ಈಗ ಕುಂತದ. ಮೂವತ್ತು ಕಿಲೋಮೀಟರ್ ಓಡಿದ ಮ್ಯಾಲ ಕಾಲು ಬಾತು ಒಂಬತ್ತು ಆಗ್ತದ. ಇಳಕಲಿನ್ಯಾಗ ಬೆರಳು ಮುಂದ ಬಡದು ಉಗುರು ಕರ್ರಗಾಗಿ ಉದುರ್ತಾವ. ಆವಾಗ ನನಗ ಬೈಕೋತ ಬರ್ತೀರಿ."

"ಅದೆಲ್ಲಾ ನಿಮಗ ಹ್ಯಾಂಗ ಗೊತ್ತು?"

ವಿಶಾಖಾ ಒಂಬತ್ತರ ಡಬ್ಬಿ ತರಲು ಹಿಂದಿನ ಕಪಾಟಿನ ಕಡೆ ಹೊರಟಳು. ಬಲಗಾಲನ್ನು ಸ್ವಲ್ಪ ಎಳೆದು ಇಡುವ ಅವಳ ನಡಿಗೆ ಆಗ ಅವನ ಕಣ್ಣಿಗೆ ಬಿತ್ತು.

"ನಾನೂ ಓಡ್ತಿದ್ದೆ" ಎಂದಳು, ಬೆನ್ನು ತಿರುಗಿಸಿಕೊಂಡೇ. "ಆರು ಉಗುರು ಕಳಕೊಂಡೇನಿ. ಸಾಕೇನು?"

ಅವನು ಸುಮ್ಮನೆ ಒಂಬತ್ತರದ್ದನ್ನೇ ಕಟ್ಟಿಸಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳಿದ. ಯಾರೂ ಕೇಳಿರಲಿಲ್ಲ!

"ನಾ ಮಚ್ಛೇಂದ್ರ ರಿ. ಔರಾದ ಕಡೆ ಡಾಬಕಾ ಊರಾಂವ."

ಬೀದರದ ಆ ಅಂಗಡಿ ಕಲೀಮ ಚಾಚಾನದು. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು, ಸಾಲಿ ಮಕ್ಕಳಿಗೆ ಕೊಡುವ ಬಹುಮಾನದ ಕಪ್ಪು ಮಾರಿಕೊಂಡು ಆರಾಮಾಗಿದ್ದ ಅಂಗಡಿಗೆ ಗುಡ್ಡಗಾಡು ಓಟದ ಸಾಮಾನು ಬಂದದ್ದು ವಿಶಾಖಾಳಿಂದಲೇ. ಮೂರು ವರ್ಷ ದೂರದ ಓಟಗಳಲ್ಲಿ ಹೆಸರು ಮಾಡಿದ ಹುಡುಗಿ. ಎರಡು ವರ್ಷದ ಹಿಂದೆ ಒಂದು ಇಳಿಜಾರಿನಲ್ಲಿ ಜಾರಿ ಬಿದ್ದಳು. ಮೊಣಕಾಲಿನ ಆಪರೇಷನ್ ಆಯಿತು. ನಡೆಯಬಹುದು, ಓಟದ ಮಾತು ಬಿಡಿ ಎಂದರು ಡಾಕ್ಟರು. ಅಂದಿನಿಂದ ಅವಳು ಬೇರೆಯವರ ಕಾಲಿಗೆ ಬೂಟು ತೊಡಿಸುತ್ತಿದ್ದಳು.

ಮಚ್ಛೇಂದ್ರನ ಮನೆಯವರು ಕುರಿ ಸಾಕುವವರು. ಅವನಿಗೆ ಔರಾದಿನ ದನದ ದವಾಖಾನೆಯಲ್ಲಿ ನೌಕರಿ. ನವೆಂಬರ್ ಕೊನೆಯ ಭಾನುವಾರ ಔರಾದಿನಿಂದ ಭಾಲ್ಕಿಗೆ ಹೊಲದ ದಾರಿ, ಗುಡ್ಡದ ದಾರಿ ಹಿಡಿದು ಐವತ್ತು ಕಿಲೋಮೀಟರ್ ಓಟವಿತ್ತು. ಅದಕ್ಕೆ ಅವನು ಹೆಸರು ಕೊಟ್ಟಿದ್ದ.

ಬೂಟಿನ ಮುಂದಿನ ವಾರ ಕಾಲುಚೀಲಕ್ಕೆ ಬಂದ. ಅದರ ಮುಂದಿನ ವಾರ, ಅಪಾಯದಲ್ಲಿ ಊದುವ ಒಂದು ಸೀಟಿಗೆ. ಒಂದು ಸೀಟಿ ಕೊಳ್ಳಲು ಔರಾದಿನಿಂದ ಬಸ್ಸು ಹತ್ತಿ ಬರುವ ಗಿರಾಕಿಯನ್ನು ಕಲೀಮ ಚಾಚಾ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ!

ನಾಲ್ಕನೇ ವಾರ ಒಂದು ದೊಡ್ಡ ಗಂಟನ್ನೇ ತಂದು ಕೌಂಟರಿನ ಮೇಲೆ ಬಿಚ್ಚಿದ. ಆರು ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಸ್ಟೀಲಿನ ಚೆಂಬು, ದಪ್ಪನೆಯ ಕಂಬಳಿ...

"ಓಡಲಾಕ ಹೊಂಟೀರೋ, ಕುರಿ ಹೊಡಕೊಂಡು ಆರು ತಿಂಗಳು ವಲಸಿ ಹೊಂಟೀರೋ?"

"ಥಂಡಿ ಹತ್ತಿದರ ಹೊದಿಲಾಕ ಏನರ ಇರಬೇಕು ಅಂತ ನೀವೇ ಹೇಳಿದ್ರೆಲ್ಲ?"

ಅವಳು ಬೆಳ್ಳಿ ಬಣ್ಣದ ತೆಳ್ಳಗಿನ ಹಾಳೆಯ ಮಡಿಕೆಯೊಂದನ್ನು ಅವನ ಅಂಗೈ ಮೇಲಿಟ್ಟಳು. "ಇದೇ ಹೊದಿಕಿ. ಐವತ್ತು ಗ್ರಾಂ."

"ಇದರಾಗ ಹೋಟೆಲಿನವರು ರೊಟ್ಟಿ ಸುತ್ತಿ ಕೊಡ್ತಾರ್ರಿ!"

ವಿಶಾಖಾ ನಕ್ಕಳು. ಎಷ್ಟು ದಿನದ ಮೇಲೆ ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳೋ! ನಗುತ್ತಲೇ ಒಂದೊಂದನ್ನೂ ತಕ್ಕಡಿಗೆ ಹಾಕಿ, ಬೇಡದ್ದನ್ನು ಸರಿಸಿ, ಕಲಿಸಿಕೊಟ್ಟಳು. ಕಾಲುಚೀಲದ ಇನ್ನೊಂದು ಜೋಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲ್ಲಕ್ಕಿಂತ ಕೆಳಗೆ. ನೀರಿನ ಭಾರ ಬೆನ್ನಿನ ಮೇಲ್ಭಾಗಕ್ಕೆ, ಅಲುಗದಂತೆ. ಎಡ ಎದೆಯ ಜೇಬಿನಲ್ಲಿ ಉಪ್ಪಿನ ಗುಳಿಗೆ, ಬಲಕ್ಕೆ ಸಣ್ಣಗೆ ಮುರಿದ ಶೇಂಗಾ ಚಿಕ್ಕಿ.

"ಓಡೋವಾಗ ಚೀಲ ಬೆನ್ನಿಂದ ಇಳಿಸೋ ಪಾಳಿ ಬರಬಾರದ್ರಿ. ಕೈಗೆ ತಾನಾಗೇ ಸಿಗಬೇಕು."

ಆದರೆ ಅಂಥ ಚೀಲವೇ ಅವನ ಹತ್ತಿರ ಇರಲಿಲ್ಲ. ಹೈದರಾಬಾದಿನಿಂದ ತರಿಸಲು ದಿನ ಸಾಲದು. ವಿಶಾಖಾ ಒಂದು ಗಳಿಗೆ ನಿಂತಳು. ಆಮೇಲೆ ಕೆಳಗಿನ ಖಾನೆಯ ಬೀಗ ತೆಗೆದಳು.

ಅಂಗಿಯಂತೆ ತೊಡುವ, ಬೆನ್ನಿಗೆ ಅಂಟಿ ಕೂಡುವ ನೀಲಿ ಬಣ್ಣದ ಓಟದ ಚೀಲ. ಅವಳದೇ. ಮೂರು ವರ್ಷ ಅವಳ ಬೆವರು ಕುಡಿದ ಚೀಲ.

"ಪಟ್ಟಿ ಸಡಿಲ ಮಾಡಿದರ ಯಾರಿಗೂ ಬರ್ತದ. ತೊಗೊಂಡು ಹೋಗ್ರಿ. ನನಗ ಇನ್ನ ಬೇಕಾಗಂಗಿಲ್ಲ."

ಮಚ್ಛೇಂದ್ರ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಪಟ್ಟಿಯ ಗಂಟುಗಳ ಮೇಲೆ ಒಮ್ಮೆ ಬೆರಳಾಡಿಸಿದ.

ಆ ವಾರವೆಲ್ಲ ವಿಶಾಖಾ ಗಾಳಿಯಲ್ಲಿ ತೇಲುತ್ತಿದ್ದಳು. 'ನಾ ಓಡದಿದ್ದರ ಏನಾತು? ನನ್ನ ಚೀಲ ಅವನ ಎದಿ ಮ್ಯಾಲ ಓಡ್ತದ...' ಎಂದುಕೊಳ್ಳುವಳು. ಹಾಗೆ ಅಂದುಕೊಂಡದ್ದಕ್ಕೆ ತಾನೇ ಕೆಂಪಾಗುವಳು.

ಗುರುವಾರ ಅವನು ಬಂದ. ಒಗೆದ ಟವೆಲಿನಲ್ಲಿ ಸುತ್ತಿದ ಚೀಲವನ್ನು ಕೌಂಟರಿನ ಮೇಲಿಟ್ಟ.

"ಇದು ಬ್ಯಾಡ್ರಿ."

"...ಯಾಕ?"

ಅವನು ಚಾಚಾನ ಕಡೆ ನೋಡಿದ, ಗೋಡೆ ನೋಡಿದ. "ಎದಿಗೆ ಬಿಗಿ ಆಗ್ತದ್ರಿ."

ಅಷ್ಟು ಹೇಳಿ ಬಸ್ಸಿನ ನೆಪ ಮಾಡಿಕೊಂಡು ಹೋಗಿಯೇ ಬಿಟ್ಟ. ವಿಶಾಖಾ ಟವೆಲು ಬಿಚ್ಚಿದಳು. ಪಟ್ಟಿಯ ಗಂಟುಗಳು ಅವಳು ಎರಡು ವರ್ಷದ ಹಿಂದೆ ಕಟ್ಟಿದಲ್ಲೇ ಇದ್ದವು. ಒಂದು ಎಳೆಯೂ ಸಡಿಲಾಗಿರಲಿಲ್ಲ.

'ಬಿಗಿ ಆಗ್ತದಂತ! ಒಂದ್ ಸಲಾನೂ ಮೈಗೆ ಹಾಕಿಲ್ಲ! ಸುಳ್ಳ!'

ಸಂಜೆ ಮನೆಯಲ್ಲಿ ಅವಳ ತಾಯಿ ಕೌಸಲ್ಯಾಬಾಯಿ ಮಗಳ ಮುಖ ನೋಡಿಯೇ ಕೇಳಿದಳು. ವಿಶಾಖಾ ಹೇಳಿದಳು. ತಾಯಿ ಸಿಟ್ಟಾಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ನಾವು ತೊಟ್ಟಿದ್ದು ಅವರು ತೊಡಂಗಿಲ್ಲವ್ವ. ನಮ್ಮವ್ವಗ ಅವರ ಬಾವಿ ಹಂತ್ಯಾಕ ಹೋಗಗೊಡಲಿಲ್ಲ. ನಾವು ಬುದ್ಧನ ಪಾದಕ್ಕ ಬಂದು, ಸಾಲಿ ಕಲ್ತು, ನೌಕರಿ ಮಾಡಿ, ಎಲ್ಲಾ ಬದಲಾತು ಅಂತ ತಿಳಕೊಂಡೇವಿ. ನಾವು ಬದಲಾಗೇವಿ, ಅಷ್ಟೇ."

ಇಂಥ ಮಾತಿಗೆ ವಿಶಾಖಾ ಯಾವಾಗಲೂ 'ನಿಂದು ಹಳೇ ಕಾಲ ಅವ್ವಾ' ಎಂದು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ತೊಟ್ಟ ಚೀಲವನ್ನು ಕೊಟ್ಟೆನಲ್ಲ, ಕೈಯಾರೆ ಕೊಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

"ರಾಜರತ್ನ ಅವರ ಮನಿಯವರಿಗೆ ಬರಲಾಕ ಹೇಳು" ಎಂದಳು.

ರಾಜರತ್ನ ಕಾಲೇಜಿನಲ್ಲಿ ಪಾಠ ಹೇಳುವ ಒಳ್ಳೆಯ ಮನುಷ್ಯ. ಸಂಬಂಧ ಎರಡು ತಿಂಗಳಿಂದ ಬಾಗಿಲಲ್ಲಿ ನಿಂತಿತ್ತು. ನಿಶ್ಚಯಕ್ಕೆ ಸೋಮವಾರವೇ ಬರುತ್ತೇವೆ ಎಂದರು ಅವರು. ಅದರ ಹಿಂದಿನ ದಿನವೇ ಓಟ.

ಭಾಲ್ಕಿಗೆ ಹೋಗುವ ಮನಸ್ಸು ಅವಳಿಗೆ ಸ್ವಲ್ಪವೂ ಇರಲಿಲ್ಲ. ಆದರೆ ಓಟ ಮುಗಿಸಿ ಬಂದವರ ಚೀಲ ತಪಾಸಣೆಯ ಕೆಲಸವನ್ನು ಚಾಚಾ ಒಪ್ಪಿಕೊಂಡಿದ್ದ. ಸೀಟಿ, ಹೊದಿಕೆ, ಬ್ಯಾಂಡೇಜು, ನೀರಿನ ಬಾಟಲಿ ಎಲ್ಲ ಇದ್ದರೆ ಮಾತ್ರ ಓಟ ಪೂರ್ತಿ ಎಂಬುದು ನಿಯಮ. ಆ ಕೆಲಸ ತಿಳಿದವಳು ಅವಳೊಬ್ಬಳೇ.

ಬೆಳಗ್ಗೆ ಆರಕ್ಕೆ ಔರಾದಿನಲ್ಲಿ ಓಟ ಶುರುವಾಗಿತ್ತು. ಹನ್ನೊಂದಕ್ಕೆ ಮೊದಲನೆಯವನು ಬಂದ. ಒಂದು ಗಂಟೆಯ ಹೊತ್ತಿಗೆ ಗುಂಪು ಗುಂಪಾಗಿ ಬಂದರು. ಅವಳು ತಲೆ ಎತ್ತದೆ ಚೀಲ ನೋಡುತ್ತ ಹೋದಳು. ಮಚ್ಛೇಂದ್ರನ ನಲವತ್ತೊಂದನೇ ನಂಬರು ಬರಲಿಲ್ಲ.

ಮೂರು ಹೊಡೆಯಿತು. ಸಮಯ ಮುಗಿಯಿತು ಎಂದು ಮೈಕಿನಲ್ಲಿ ಕೂಗಿದರು. ಓಟ ಮುಗಿಯುವಲ್ಲಿ ಕಟ್ಟಿದ್ದ ಕಮಾನಿನ ಬಟ್ಟೆ ಬಿಚ್ಚಿದರು. ಕುರ್ಚಿಗಳು ಟೆಂಪೋ ಹತ್ತಿದವು.

"ನಡಿ ಬೇಟಾ" ಎಂದ ಕಲೀಮ ಚಾಚಾ. "ಕೊನೀ ನೀರಿನ ಟೇಬಲ್ಲಿನವರು ಫೋನ್ ಮಾಡಿದ್ದರು. ಒಬ್ಬಾಂವ ನಡ್ಕೋತ ಬರ್ಲತ್ತಾನಂತ. ಗಾಡಿ ಹತ್ತು ಅಂದರ ವಲ್ಲೆ ಅಂದನಂತ. ಅಂವ ಬರೋದು ಖರೇ ಇಲ್ಲ."

"ನೀವು ನಡೀರಿ ಚಾಚಾ. ನಾ ಬಸ್ಸಿಗೆ ಬರ್ತೇನಿ."

ಚಾಚಾ ಅವಳನ್ನು ನೋಡಿದ, ಅವಳ ಮೇಜೊಂದನ್ನು ಅಲ್ಲೇ ಬಿಡಿಸಿ ಹೋದ. ಖಾಲಿ ಮೈದಾನದಲ್ಲಿ ಒಂದು ಮೇಜು, ಅವಳು, ಅಷ್ಟೇ.

'ಯಾಕ ನಿಂತೇನಿ? ನನಗ ಅಂವ ಯಾರು?'

ಐದಕ್ಕೆ ಕಾಲು ಗಂಟೆ ಇರುವಾಗ ತೊಗರಿ ಹೊಲದ ಅಂಚಿನಲ್ಲಿ ಒಬ್ಬ ಕಾಣಿಸಿದ. ಓಡುತ್ತಿರಲಿಲ್ಲ, ಸರಿಯಾಗಿ ನಡೆಯುತ್ತಲೂ ಇರಲಿಲ್ಲ. ಬಂದವನು ಕಮಾನು ಇದ್ದ ಜಾಗವನ್ನು ನೋಡಿದ, ಬರೀ ಬಿದಿರನ್ನು ನೋಡಿದ, ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ನಂಬರ್ ನಲವತ್ತೊಂದು. ಚೀಲ ತೋರಿಸ್ರಿ" ಎಂದಳು, ಗುರುತೇ ಇಲ್ಲದವಳ ಹಾಗೆ.

ಅವನು ಬೆನ್ನಿನಿಂದ ಇಳಿಸಿದ್ದು ಸಾಲಿ ಮಕ್ಕಳ ಪುಸ್ತಕದ ಚೀಲ! ಕುಣಿಯಬಾರದೆಂದು ಸೊಂಟಕ್ಕೆ ಉಣ್ಣೆಯ ಹಗ್ಗ ಕಟ್ಟಿದ್ದ.

"ಸೀಟಿ?"

"ಅದರಿ."

"ಹೊದಿಕಿ?"

"ಅದರಿ."

ಎಲ್ಲವೂ ಇತ್ತು. ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ, ಎಲ್ಲಕ್ಕಿಂತ ಕೆಳಗೆ. ಉಪ್ಪು ಎಡಕ್ಕೆ. ಚಿಕ್ಕಿ ಬಲಕ್ಕೆ. ಅವಳು ಹೇಳಿದ ಒಂದು ಮಾತನ್ನೂ ಅವನು ಬಿಟ್ಟಿರಲಿಲ್ಲ. ಆಮೇಲೆ ಅವಳ ಕಣ್ಣು ಅವನ ಹೆಗಲಿಗೆ ಹೋಯಿತು. ಪಟ್ಟಿ ಉಜ್ಜಿ ಉಜ್ಜಿ ಅಂಗಿ ಹರಿದು, ಎರಡೂ ಕಡೆ ರಕ್ತ ಒಸರಿ ಒಣಗಿತ್ತು.

ಅವಳ ಬಿಗಿ ಅಲ್ಲಿಗೆ ಮುರಿಯಿತು.

"ಇಷ್ಟ್ ರಕ್ತಾ ಸುರಿಸಿಕೊಂಡ್ರಿ... ನಂದು ತೊಟ್ಟಿದ್ದರ ಮೈಲಿಗಿ ಆಗ್ತಿತ್ತೇನು?"

ಮಚ್ಛೇಂದ್ರ ಹೊಡೆತ ತಿಂದವನಂತೆ ನೋಡಿದ. "ಹಂಗ... ಹಂಗ ತಿಳಕೊಂಡ್ರೇನು?"

"ಮತ್ತ ಹ್ಯಾಂಗ ತಿಳಕೋಬೇಕು? ಗಂಟು ಬಿಚ್ಚಿರಲಿಲ್ಲ. ಬಿಗಿ ಅಂತ ಸುಳ್ಳ್ ಹೇಳಿದ್ರಿ!"

"ಸುಳ್ಳೇ ಹೇಳಿದೆ." ಅವನು ನೆಲದ ಮೇಲೆ ಕುಸಿದು ಕೂತ. "ನೀವು 'ನನಗ ಇನ್ನ ಬೇಕಾಗಂಗಿಲ್ಲ' ಅಂದ್ರೆಲ್ಲ... ನಾ ಅದನ್ನ ತೊಟ್ಟರ, ಹೌದು ನಿಮ್ಮ ಓಟ ಮುಗೀತು ಅಂತ ನಾನೂ ಒಪ್ಪಿಕೊಂಡಂಗ ಆಗ್ತಿತ್ತು. ನಾ ಒಪ್ಪಲಾಕ ತಯಾರಿಲ್ರಿ."

ಡಾಕ್ಟರು, ತಾಯಿ, ಚಾಚಾ, ಕೊನೆಗೆ ಅವಳೂ... ಎಲ್ಲರೂ ಒಪ್ಪಿಕೊಂಡು ಎರಡು ವರ್ಷವಾಗಿತ್ತು.

"ಅವತ್ತೇ ಯಾಕ ಹೇಳಲಿಲ್ಲ?"

"ದೊಡ್ಡ ಡಾಕ್ಟರ್ ನಿಮಗ ಓಡಬ್ಯಾಡ ಅಂದಾರಂತ ಚಾಚಾ ಹೇಳಿದ್ದರು. ನಾ ಕುರಿಗೆ ಸೂಜಿ ಮಾಡೋ ಮನಷ್ಯಾ. ನಾ ಆಸಿ ಹಚ್ಚಿ, ನಾಳಿ ನಿಮ್ಮ ಕಾಲು ಸುದಾರಸಲಿಲ್ಲ ಅಂದರ? ಅದಕ್ಕ ಬಾಯಿ ಮುಚ್ಚಿದೆ." ಸ್ವಲ್ಪ ತಡೆದು ಅವನೇ ಹೇಳಿದ. "ಇನ್ನೊಂದು ಮಾತು ಮುಚ್ಚಿಡಂಗಿಲ್ರಿ. ಯಾರದು ಈ ಚೀಲ ಅಂತ ನಮ್ಮವ್ವ ಕೇಳಿದಳು. ಹೇಳಿದೆ. ಅಂಗಳದಾಗ ಇಡು, ಒಳಗ ತರಬ್ಯಾಡ ಅಂದಳು."

"ಅಂಗಳದಾಗ ಇಟ್ಟ್ರೇನು?"

"ತಲಿ ಕೆಳಗ ಇಟ್ಕೊಂಡು ಮಕ್ಕೊಂಡೆ. ಅವತ್ತಿನಿಂದ ಆಕಿ ನನ್ನ ಸಂಗಟ ಮಾತಾಡಿಲ್ಲ."

ಅವಳು ಅವನದೇ ಚೀಲದ ಬ್ಯಾಂಡೇಜು ತೆಗೆದು ಹೆಗಲಿಗೆ ಹಚ್ಚತೊಡಗಿದಳು.

"ನನಗ ನೀವು ಬೇಕ್ರಿ" ಎಂದ ಮಚ್ಛೇಂದ್ರ, ಮುಖ ನೋಡದೆ. "ಆ ಬೂಟಿನ ದಿನದಿಂದಲೇ."

ಅಯ್ಯೋ... ಈ ಮಾತು ಒಂದು ವಾರದ ಹಿಂದೆ ಬಂದಿದ್ದರೆ!

"ನಾಳಿ ನನ್ನ ನಿಶ್ಚಯ ಅದ" ಎಂದಳು ವಿಶಾಖಾ. "ಸಿಟ್ಟಿನ ಭರದಾಗ ಹ್ಞೂಂ ಅಂದುಬಿಟ್ಟೆ."

ಅವನು ಬ್ಯಾಡ ಅನ್ನಲಿಲ್ಲ, ಬೇಡಿಕೊಳ್ಳಲೂ ಇಲ್ಲ. ತಲೆ ಮಾತ್ರ ಇಳಿಯಿತು. ವಿಶಾಖಾ ಫೋನು ತೆಗೆದಳು.

"ಅವ್ವಾ, ರಾಜರತ್ನ ಅವರಿಗೆ ನಾಳಿ ಬರಬ್ಯಾಡ್ರಿ ಅನ್ನು. ತಪ್ಪು ನಂದು, ನಾನೇ ಅವರ ಹಂತ್ಯಾಕ ಮಾಫಿ ಕೇಳ್ತೇನಿ."

ಆ ಕಡೆಯಿಂದ ಕೌಸಲ್ಯಾಬಾಯಿಯ ದನಿ ಬಂತು. "ಅಂವ ಅಲ್ಲೇ ಇದ್ದಾನೇನು? ಅವರ ಮನ್ಯಾಗ ನಿನಗ ಯಾವ ಲೋಟಾದಾಗ ನೀರ್ ಕೊಡ್ತಾರ, ಕೇಳು."

ವಿಶಾಖಾ ಫೋನನ್ನು ಅವನ ಕಡೆ ಹಿಡಿದು, ಅದೇ ಪ್ರಶ್ನೆ ಕೇಳಿದಳು.

"ನಮ್ಮವ್ವ ಕೊಡಂಗಿಲ್ರಿ" ಎಂದ ಅವನು. "ಸುಳ್ಳ್ ಹೇಳಂಗಿಲ್ಲ. ಆಕಿ ಕೊಡೋತನಕ ನಾನೂ ಆ ಮನ್ಯಾಗ ನೀರ್ ಕುಡಿಯಂಗಿಲ್ಲ."

ಫೋನು ಕಟ್ಟಾಯಿತು.

"ಏನಂದ್ರು?"

"ಏನೂ ಅನ್ನಲಿಲ್ಲ. ಫೋನ್ ಇಟ್ಟಳು."

ಬಿಸಿಲು ಇಳಿದು ಥಂಡಿ ಏಳತೊಡಗಿತ್ತು. ಅವಳು ಕೈ ಕೊಟ್ಟು ಅವನನ್ನು ಎಬ್ಬಿಸಿದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಅವಳ ಬಲಗಾಲು ಎಳೆಯುತ್ತಿತ್ತು, ಅವನ ಎರಡೂ ಕಾಲು ಎಳೆಯುತ್ತಿದ್ದವು.

"ನಿಮ್ಮವ್ವ, ನಮ್ಮವ್ವ ಒಪ್ಪತಾರಂತ ನಿಮಗ ನಂಬಿಕಿ ಅದೇನು?" ಎಂದು ಕೇಳಿದಳು.

ಅವನು ತಿರುಗಿ ಇನ್ನೊಂದು ಕೇಳಿದ. "ಮೂರಕ್ಕೇ ಎಲ್ಲಾ ಮುಗದಿತ್ತು. ಎಲ್ಲಾರೂ ಹೋಗಿದ್ದರು. ನಾ ಬರ್ತೇನಿ ಅಂತ ನಿಮಗ ನಂಬಿಕಿ ಇತ್ತೇನು?"

"ಇರಲಿಲ್ಲ" ಎಂದಳು ವಿಶಾಖಾ. "ಬಿಟ್ಟು ಹೋಗಲಾಕ ಮನಸ್ಸ್ ಬರಲಿಲ್ಲ."

"ನಂದೂ ಅಷ್ಟೇರಿ."