ಟೈರಿಗೆ ಹಾಕಿದ ಔಷಧ

ಸಿದ್ದವ್ವ ಬಂದಾಗ ನವನಗರದ ಮೇಲಿಂದ ಹಿನ್ನೀರಿನ ಮಂಜು ಇನ್ನೂ ಸರಿದಿರಲಿಲ್ಲ. ವಕೀಲೆ ಚೇತನಾಳ ಪಡಸಾಲೆಯಲ್ಲಿ ಕುಳಿತ ಇಬ್ರಾಹಿಂಸಾಬ, ನೀರಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳಲ್ಲಿ ಮನಸ್ಸಿನಲ್ಲೇ ಟಪಾಲು ಹಂಚುತ್ತಿದ್ದ. ಅಂಚೆ ನೌಕರಿ ಮುಗಿದ ಮೇಲೆ ಅವನು ಆಕೆಯ ಗುಮಾಸ್ತನಾಗಿದ್ದ. ಪೊಲೀಸರು ಗಂಟು ಹಾಕಿ ಮೂಲೆಗೆಸೆದ ಎಷ್ಟೋ ಪ್ರಕರಣಗಳನ್ನು ಆಕೆ ಬಿಚ್ಚುವುದನ್ನು ಹತ್ತಿರದಿಂದ ಕಂಡವನು ಅವನೊಬ್ಬನೇ.

"ನನ್ನ ಸೀರಿ ಕಳುವಾಗೇತ್ರಿ," ಎಂದಳು ಇಳಕಲ್ಲಿನ ನೇಕಾರ್ತಿ ಸಿದ್ದವ್ವ, ಕೂರದೆಯೇ. "ಅದಕ್ಕ ಬಂದಿಲ್ಲ. ಡ್ರೈವರ್ ಮುತ್ತಪ್ಪನ್ನ ಕಳ್ಳ ಅಂತ ಹಿಡದು ಬಡ್ಯಾಕತ್ತಾರ. ನಾಳಿ ಜೇಲಿಗೆ ಕಳಸ್ತಾರಂತ. ಅವನ್ನ ಬಿಡಸ್ರಿ."

"ಅವ ಕದ್ದಿಲ್ಲ ಅಂತ ನಿನಗ ಹೆಂಗ ಗೊತ್ತವ್ವಾ?"

"ಕದ್ದಾಂವ ಇಂಥಾ ಹುಚ್ಚು ಸುಳ್ಳು ಹೇಳ್ತಾನೇನ್ರಿ? ಗಾಲಿ ಪಂಚರ್ ಆಗಿತ್ತು, ಔಷಧ ಹಾಕೇನಿ ಅಂತಾನ! ಸಾಲಿ ಹುಡುಗ್ರೂ ನಂಬೂದಿಲ್ಲ."

ಚೇತನಾ ಮೊದಲ ಸಲ ತಲೆ ಎತ್ತಿ ನೋಡಿದಳು. "ಕುಂಡ್ರು. ಮೊದಲಿಂದ ಹೇಳು."

ಅದು ಸಿದ್ದವ್ವನ ಅಜ್ಜಿ ನೇಯ್ದ ಸೀರೆ. ಅದರ ಸೆರಗಿನ ಚಿತ್ತಾರ ಆ ಮನೆಯ ಕೈಮಗ್ಗವನ್ನು ಬಿಟ್ಟು ಬೇರೆಲ್ಲೂ ಮೂಡಿರಲಿಲ್ಲ. ಬಾದಾಮಿಯಲ್ಲಿ ನಡೆಯಲಿದ್ದ ನೇಕಾರರ ಸಭೆಯಲ್ಲಿ ಅದನ್ನು ಅಧಿಕಾರಿಗಳ ಮುಂದೆ ಹರವಿ, ಈ ಚಿತ್ತಾರ ನಮ್ಮದು ಎಂದು ಹೇಳುವುದಿತ್ತು. ಸೀರೆ ಒಯ್ಯಲು ಇಳಕಲ್ಲಿನ ವ್ಯಾಪಾರಿ ಶಿವಪುತ್ರ ತನ್ನ ಹೊಸ ಪರದೇಶಿ ಕಾರನ್ನು ಡ್ರೈವರ್ ಮುತ್ತಪ್ಪನ ಸಮೇತ ಕೊಟ್ಟ. ಜೊತೆಗೆ ಅವನ ಭಾವಮೈದುನ, ಪವರ್‌ಲೂಮ್ ನೋಡಿಕೊಳ್ಳುವ ವೀರೇಶ ಹೋದ. ಕಾರು ಬಾದಾಮಿ ಮುಟ್ಟಿದಾಗ ಡಿಕ್ಕಿಯಲ್ಲಿಟ್ಟಿದ್ದ ಸೀರೆಯ ಗಂಟು ಇರಲಿಲ್ಲ.

"ಆ ಸೀರಿ ಮ್ಯಾಲೆ ಬ್ಯಾರೆ ಯಾರದರ ಕಣ್ಣಿತ್ತೇನು?"

"ವೀರೇಶ ಮಾದರಿಗೆ ಕೊಡು ಅಂತ ಬೆನ್ನ ಬಿದ್ದಿದ್ದ. 'ನಿನ್ನ ಮಶೀನಿಗೆ ನಮ್ಮಜ್ಜಿ ಕೈ ಕೊಡಾಂಗಿಲ್ಲೋ' ಅಂದಿದ್ದೆ."

ಬಾದಾಮಿ ಠಾಣೆಯ ಅಂಗಳದಲ್ಲಿ ಆ ಕಾರು ಬೇವಿನ ನೆರಳಿಗೆ ನಿಂತಿತ್ತು. ದಾರಿಯ ಕೆಂಪು ಧೂಳು ಅದರ ಮೈಮೇಲೆಲ್ಲ ಕೂತಿತ್ತು. ನಾಲ್ಕೂ ಗಾಲಿಗಳ ಮಧ್ಯಭಾಗದಲ್ಲಿ ಒಂದೊಂದು ಹಳದಿ ಬೊಟ್ಟು, ಮಸುಕಾಗಿದ್ದರೂ ಕಾಣುವಂತಿತ್ತು. ಇಬ್ರಾಹಿಂಸಾಬನಿಗೆ ಅವು ಮಂಜಿನಾಚೆ ಏಳುವ ನಾಲ್ಕು ಪುಟ್ಟ ಸೂರ್ಯರಂತೆ ಕಂಡು, ಕ್ಷಣ ಹೊತ್ತು ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಒಳಗಿನಿಂದ ಬಂದ ನರಳಿಕೆ ಅವನನ್ನು ಎಚ್ಚರಿಸಿತು.

ಮುತ್ತಪ್ಪನ ಎರಡೂ ಅಂಗೈ ಬಾತಿದ್ದವು. ಅವುಗಳನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಿದ.

"ಗುಡೂರ ದಾಟಿದ ಮ್ಯಾಲೆ ಮುಂದಿನ ಎಡಗಾಲಿ ಗಾಳಿ ಹೋಗಿ ಕುಂತಿತ್ರಿ. ವೀರೇಶ ಸಾಹೇಬ್ರು ಚಹಾ ಕುಡೀತೇನಿ ಅಂತ ಹೊಳ್ಳಿ ಊರಾಗ ಹೋದ್ರು. ಮುಂದಿನ ಸೀಟಿನ ಬುಡಕ ಒಂದು ಡಬ್ಬಿ ಐತಿ. ಅದರಾಗಿನ ಔಷಧ ಗಾಲಿಯೊಳಗ ಬಿಟ್ಟು ಪಂಪ ಹಚ್ಚಿದೆ. ಗಾಡಿ ತಗೊಳ್ಳೂ ಮುಂದ ಹುಬ್ಬಳ್ಳಿ ಶೋರೂಮಿನ್ಯಾಗ ಹೇಳಿಕೊಟ್ಟಿದ್ರು. ಗಾಡಿ ಚಾಲೂ ಇಟ್ಟು ಮಾಡೂದದು. ಡಿಕ್ಕಿ ಮುಟ್ಟೇ ಇಲ್ರಿ ನಾ."

"ಗಾಲಿಗೆ ಜ್ವರಾ ಬಂದಿತ್ತೇನಲೇ?" ಎಂದ ಫೌಜದಾರ. "ಸೂಜಿ ಮಾಡಸಲಿಲ್ಲಾ? ದವಾಖಾನಿಗೆ ಒಯ್ಯಬೇಕಿತ್ತಲ್ಲೋ!" ಪೇದೆಗಳು ಹೊಟ್ಟೆ ಹಿಡಿದು ನಕ್ಕರು.

ಬಡವನ ಬಾಯಿಂದ ಹೊಸ ಸಂಗತಿ ಬಂದರೆ ಅದು ಸುಳ್ಳೇ ಇರಬೇಕು ಎಂಬ ಕಾನೂನನ್ನು ಯಾವ ವಿಧಾನಸಭೆಯೂ ಮಾಡಿಲ್ಲ. ಆದರೂ ಅದು ಎಲ್ಲೆಡೆ ಜಾರಿಯಲ್ಲಿದೆ, ಮತ್ತು ಅದರ ಶಿಕ್ಷೆ ಅಂಗೈ ಮೇಲೆ ಬೀಳುತ್ತದೆ.

ಚೇತನಾ ನಗಲಿಲ್ಲ. "ಗಾಲಿಗೆ ಹಳದಿ ಹಚ್ಚಿದವರು ಯಾರು?"

"ನಾನ್ರಿ. ನಮ್ಮ ಬೀರಪ್ಪ ದೇವರ ಭಂಡಾರ, ಅರಿಷಿಣ ಪುಡಿ. ಇಳಕಲ್ಲ ಬಿಡೂ ಮುಂದ ನಾಕೂ ಗಾಲಿಗೆ ಹಚ್ಚಿದೆ. ಗಂಟಿನ ಮ್ಯಾಲೂ ಒಂದು ಚಿಟಿಕಿ ಹಾಕೇನಿ, ಅಕ್ಕಾರ ಸೀರಿ ಸುಖರೂಪ ಹೋಗ್ಲಿ ಅಂತ."

"ಸಿದ್ದವ್ವನ ಮನಿಯಿಂದ ಸೀದಾ ಹೊಂಟ್ರೇನು?"

"ಇಲ್ರಿ, ಮಾಲಕರ ಮನಿಗೆ ಹೋಗಿ ಹೊಂಟ್ವಿ. ವೀರೇಶ ಸಾಹೇಬ್ರು ಕೀಲಿ ಇಸಗೊಂಡು ತಮ್ಮ ಸೂಟಕೇಸ ತಾವ ಡಿಕ್ಕಿಯಾಗ ಇಟ್ರು. ನನಗ ನೀರ ಕುಡದು ಬಾ ಅಂದ್ರು."

"ತಾವ ಇಟ್ರಾ? ದಿನಾ ಹಂಗನ?"

ಮುತ್ತಪ್ಪ ಆ ನೋವಿನಲ್ಲೂ ತುಟಿ ಓರೆ ಮಾಡಿದ. "ಚಪ್ಪಲಿ ಸೈತ ಮತ್ತೊಬ್ರು ಸರಸಿಡಬೇಕ್ರಿ ಅವರಿಗೆ."

ಚೇತನಾ ಅಂಗಳಕ್ಕೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಬಂದಳು. ಗಾಲಿಯಿಂದ ಗಾಲಿಗೆ ಬಾಗಿ ನೋಡಿದಳು. ಆಮೇಲೆ ಫೌಜದಾರನಿಗೆ ಇಷ್ಟೇ ಹೇಳಿದಳು: "ಎಲ್ಲಾರನೂ ಇಲ್ಲಿಗೇ ಕರಸ್ರಿ."

ಮಧ್ಯಾಹ್ನದ ಬಿಸಿಲು ಬೇವಿನ ಎಲೆಗಳ ನಡುವೆ ಜೋಲಿ ಆಡುತ್ತಿತ್ತು. ಶಿವಪುತ್ರ ಕುರ್ಚಿ ತರಿಸಿಕೊಂಡು ಕುಳಿತ. ವೀರೇಶ ಬೆಳ್ಳನೆ ಅಂಗಿಯಲ್ಲಿ ನಿಂತಿದ್ದ. ಸಿದ್ದವ್ವ ನೆಲಕ್ಕೆ ಕೂತಳು. ಮುತ್ತಪ್ಪನನ್ನು ಪೇದೆಯೊಬ್ಬ ಹಿಡಿದುಕೊಂಡಿದ್ದ. ಇಬ್ರಾಹಿಂಸಾಬನಿಗೆ ಎಲ್ಲರೂ ನೀರಿನ ತಳದಲ್ಲಿ ನಿಂತವರಂತೆ ಕಾಣುತ್ತಿದ್ದರು. ಯಾರಾದರೂ ಒಂದು ಕಲ್ಲು ಎಸೆದರೆ ಸಾಕು, ಆ ಚಿತ್ರ ಕದಡಿಹೋಗುತ್ತಿತ್ತು.

"ವೀರೇಶ ಅವರ, ನೀವು ಕಂಡದ್ದು ಹೇಳ್ರಿ," ಎಂದಳು ಚೇತನಾ.

"ಎಷ್ಟ ಸಲ ಹೇಳೂದ್ರಿ ವಕೀಲರ? ನಾ ಬಾಜೂಕ ನಿಂತು ಕಣ್ಣಾರೆ ನೋಡೇನಿ. ಡಿಕ್ಕಿ ಖಾಲಿ ಮಾಡಿ, ಗಂಟು ತಗದು ನೆಲಕ್ಕಿಟ್ಟು, ಸ್ಟೆಪ್ನಿ ಹೊರಗ ಹಾಕಿದ. ನಾ ಅತ್ಲಾಗ ಕಾಲಮಡಿಯಾಕ ಹೋಗಿ ಬರೂದ್ರಾಗ ಗಂಟಿಲ್ಲ. ಯಾರ ಕೈಗೋ ದಾಟಿಸ್ಯಾನ."

"ಗಾಲಿ ಬದಲ ಮಾಡಿದ?"

"ಮತ್ತ? ಪಂಚರಾದ್ರ ಎಲ್ಲಾರೂ ಏನ ಮಾಡ್ತಾರ?"

"ಪಂಚರಾದ ಗಾಲಿ ಎಲ್ಲಿಟ್ಟ?"

"ಸ್ಟೆಪ್ನಿ ಇದ್ದ ತಗ್ಗಿನ್ಯಾಗ. ಡಿಕ್ಕಿ ಬುಡಕ."

"ನೀವ ತಗದು ತೋರಸ್ರಿ."

ವೀರೇಶ ಡಿಕ್ಕಿ ತೆರೆದು ತಳದ ಚಾಪೆ ಎತ್ತಿದ. ಅಲ್ಲಿ ಗಾಲಿಯೂ ಇರಲಿಲ್ಲ, ಗಾಲಿ ಇಡುವಂಥ ತಗ್ಗೂ ಇರಲಿಲ್ಲ. ಒಂದು ತೆಳುವಾದ ಸ್ಪಂಜಿನ ಹಲಗೆ ಬಿಸಿಲಿಗೆ ಬೆಳ್ಳಗೆ ಹೊಳೆಯಿತು.

"ಸ್ಟೆಪ್ನಿ ಕದ್ದಾನ!" ಎಂದು ಶಿವಪುತ್ರ ಕುರ್ಚಿಯಿಂದ ಎದ್ದ.

"ಇಲ್ದಿದ್ದನ್ನ ಹೆಂಗ ಕದೀತಾರ್ರಿ ಸಾವಕಾರ್ರ? ಈ ಕಾರಿಗೆ ಸ್ಟೆಪ್ನಿ ಕೊಟ್ಟೇ ಇಲ್ಲ. ಭಾರ ಕಡಿಮಿ ಆಗ್ಲಿ, ಜಾಗಾ ಉಳೀಲಿ ಅಂತ ಗಾಲಿ ಬದಲಿಗೆ ತೂತು ಮುಚ್ಚೂ ಔಷಧ, ಒಂದು ಪಂಪ ಇಟ್ಟಾರ."

"ಏನು! ಇಷ್ಟು ದೊಡ್ಡ ಗಾಡಿಗೆ ಸ್ಟೆಪ್ನಿ ಇಲ್ಲಾ?" ಶಿವಪುತ್ರನಿಗೆ ಸೀರೆಯೂ ಮರೆತುಹೋಯಿತು, ಕಳ್ಳನೂ. "ನನಗ್ಯಾಕ ಯಾರೂ ಹೇಳಲಿಲ್ಲ?"

"ಹೇಳಿದ್ರು. ನೀವು ಬಗ್ಗಿ ನೋಡೂ ಮಂದಿ ಅಲ್ಲ, ಅದಕ್ಕ ಮುತ್ತಪ್ಪಗ ಹೇಳಿದ್ರು."

ಚೇತನಾ ಮುಂದಿನ ಸೀಟಿನ ಕೆಳಗಿಂದ ಡಬ್ಬಿ ಎಳೆದಳು. ಒಳಗೆ ಪಂಪಿನ ಪಕ್ಕ ಖಾಲಿ ಶೀಶೆ. ಅದನ್ನು ಫೌಜದಾರನ ಕೈಗಿತ್ತು, ಎಡಗಾಲಿಯ ಗಾಳಿಬಾಯಿಯನ್ನು ಕಡ್ಡಿಯಿಂದ ಒತ್ತಿದಳು. ಗಾಳಿಯ ಜೊತೆ ಹಾಲಿನಂಥ ಬಿಳಿ ಹನಿಗಳು ಜಿನುಗಿದವು. ಪೇದೆಗಳು ಕತ್ತು ಚಾಚಿ ನೋಡಿದರು.

"ನನಗ ಮೊದಲ ಸಂಶೆ ತಂದದ್ದು ಭಂಡಾರ," ಎಂದಳು. "ಮುತ್ತಪ್ಪ ಹೊರಡೂ ಮುಂದ ನಾಕು ಗಾಲಿಗೆ ಹಚ್ಚಿದ. ಗಾಲಿ ಬದಲಾಗಿದ್ರ ಮೂರಕ್ಕಷ್ಟ ಹಳದಿ ಉಳೀಬೇಕಿತ್ತು. ನಾಕಕ್ಕೂ ಐತಿ, ನಾಕಕ್ಕೂ ಒಂದ ಧೂಳು. ಅಂದ್ರ ಗಾಲಿ ಬದಲಾಗಿಲ್ಲ. ಹಂಗಾದ್ರ ವೀರೇಶ ಅವರು ಕಣ್ಣಾರೆ ಕಂಡದ್ದೇನು? ಏನೂ ಇಲ್ಲ. ಅವರು ಗುಡೂರಾಗ ಚಹಾ ಕುಡ್ಯಾಕತ್ತಿದ್ರು. ಎಲ್ಲಾ ಕಾರಿನ್ಯಾಗೂ ಸ್ಟೆಪ್ನಿ ಇರ್ತೈತಿ, ಅದನ್ನ ತಗ್ಯಾಕ ಡಿಕ್ಕಿ ಖಾಲಿ ಮಾಡಬೇಕಾಗ್ತೈತಿ ಅಂತ ಕುಂತಲ್ಲೇ ಹೊಲಿದ ಕತಿ ಇದು."

"ಡಿಕ್ಕಿ ತಗದ ಕದ್ದಿರಬಹುದಲ್ರಿ," ಎಂದ ಫೌಜದಾರ, ಮೆಲ್ಲಗೆ.

"ಕೀಲಿ ಇಲ್ದ ಡಿಕ್ಕಿ ತಗ್ಯಾಂಗಿಲ್ಲ. ಗಾಡಿ ಚಾಲೂ ಇರೂತನ ಕೀಲಿ ಅಲ್ಲೇ ಸಿಗಿಬಿದ್ದಿರ್ತೈತಿ. ಗಾಳಿ ತುಂಬಿದ ಮ್ಯಾಲೆ ತಗದಾನ ಅಂದ್ರ, ಅದನ್ನ ಕಂಡ ಸಾಕ್ಷಿ ಯಾರು? ಇಲ್ಲದ ಸ್ಟೆಪ್ನಿ ಕಂಡವರು! ಸುಳ್ಳು ಸಾಕ್ಷಿ ಯಾಕ ಬೇಕಾತು ಇವರಿಗೆ? ಗಂಟು ಅದಕ್ಕೂ ಮೊದಲ, ಮಾಲಕರ ಮನಿ ಮುಂದನ ಹೋಗಿತ್ತು. ಚಪ್ಪಲಿ ಸರಸದ ಮನಶ್ಯಾ ಅವತ್ತು ಕೀಲಿ ಇಸಗೊಂಡು, ಡ್ರೈವರನ್ನ ನೀರಿಗೆ ಕಳಿಸಿ, ತನ್ನ ಸೂಟಕೇಸ ತಾನ ಇಟ್ಟ. ಸೂಟಕೇಸ ಒಳಗ ಹೋತು, ಗಂಟು ಹೊರಗ ಬಂತು. ಆಮ್ಯಾಲೆ ಗಾಲಿ ಕುಂತದ್ದು ತನ್ನ ನಸೀಬು ಅಂತ ತಿಳಕೊಂಡ. ಬಾದಾಮಿಯಾಗ ಸೆರಗು ಹರವಿದ್ರ ಚಿತ್ತಾರ ಯಾರದು ಅಂತ ಊರಿಗೆಲ್ಲಾ ಗೊತ್ತಾಗ್ತಿತ್ತು. ಹರವದಿದ್ರ ಅದು ಅವನ ಮಶೀನಿಂದು. ಪವರ್‌ಲೂಮ್ ಶೆಡ್ಡಿಗೆ ಪೇದೇನ್ನ ಕಳಸ್ರಿ ಫೌಜದಾರ್ರ."

ವೀರೇಶ ಬಾಯಿ ತೆರೆದ. "ಭಾವ..." ಎಂದಷ್ಟೇ ಹೊರಟಿತು. ಶಿವಪುತ್ರ ಬೇವಿನ ಮರವನ್ನು ಈಗ ತಾನೇ ಕಂಡವನಂತೆ ಮೇಲೆ ನೋಡುತ್ತಿದ್ದ.

ಸಂಜೆಯೊಳಗೆ ಸೀರೆ ಬಂತು. ಗಂಟಿನ ಬಟ್ಟೆಯ ಮೇಲೆ ಹಳದಿ ಹಾಗೇ ಇತ್ತು. ಎಳೆ ಎಣಿಸಲು ಸೆರಗಿನ ಅಂಚನ್ನು ಗೇಣುದ್ದ ಬಿಚ್ಚಿದ್ದರು. ಸಿದ್ದವ್ವ ಬಿಚ್ಚಿದ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡಳು. "ಅಜ್ಜೀನ್ನ ಬಿಚ್ಚಿ ನೋಡ್ಯಾರ," ಎಂದಳು, ಯಾರಿಗೂ ಅಲ್ಲ.

ವೀರೇಶನನ್ನು ಒಳಗೆ ಕೂರಿಸಿದರು. ಫೌಜದಾರ ಮುತ್ತಪ್ಪನ ಕಡೆ ಕೈ ಬೀಸಿದ. "ನಡೀಯೋ ಮನಿಗೆ. ಬಿಟ್ಟೇವಿ."

ಮುತ್ತಪ್ಪ ಹೋಗಲಿಲ್ಲ. ಬೇವಿನ ಕೆಳಗೆ ಹಾಗೇ ನಿಂತ.

"ಮತ್ತೇನಲೇ?"

"ಬಿಟ್ರಿ, ಖರೆ. ಆದ್ರ ನಾ ಹೇಳಿದ್ದು ಖರೆ ಐತಿ ಅಂತ ನೀವು ಅಂದೇ ಇಲ್ಲ. ನಕ್ಕಾಗ ಎಲ್ಲಾರ ಮುಂದ ನಕ್ಕೀರಿ. ಈಗೂ ಎಲ್ಲಾರ ಮುಂದ ಅನ್ರಿ. ಗಾಲಿಗೆ ಔಷಧ ಹಾಕಿದ್ದೆ ಅಂತ."

ಫೌಜದಾರ ಚೇತನಾಳನ್ನು ನೋಡಿದ. ಆಕೆ ಸಹಾಯಕ್ಕೆ ಬರಲಿಲ್ಲ. ಪೇದೆಗಳು ತಮ್ಮ ಬೂಟು ನೋಡಿಕೊಂಡರು. ಇಬ್ರಾಹಿಂಸಾಬನಿಗೆ ಆ ಅಂಗಳದಲ್ಲಿ ಅಷ್ಟು ಹೊತ್ತು ತುಂಬಿಕೊಂಡಿದ್ದ ನೀರು ಇಳಿಯತೊಡಗಿದಂತೆ, ಒಬ್ಬೊಬ್ಬರ ಮುಖವೂ ಗಟ್ಟಿಯಾಗಿ ಮೇಲೆ ಬಂದಂತೆ ಅನ್ನಿಸಿತು.

"ಹಾಕಿದ್ದಿಪಾ," ಎಂದ ಫೌಜದಾರ ಗಂಟಲೊಳಗೆ.

"ಕೇಳಲಿಲ್ರಿ."

"ಗಾಲಿಗೆ ಔಷಧ ಹಾಕಿದ್ದಿ! ನೀ ಹೇಳಿದ್ದು ಖರೆ!"

ಮುತ್ತಪ್ಪ ಬಾತ ಕೈಗಳನ್ನು ಎದೆಗೆ ಒತ್ತಿಕೊಂಡು ಗೇಟು ದಾಟಿದ.