ಕ್ಯಾಮೆರಾ ಹಿಂದೆ ನಿಂತವನು

“ಅವನ ಎದೆ ಮೇಲೆ ಕೈ ಇಡಮ್ಮ... ಹಾಂ, ಹೆದರಬೇಡ, ಇನ್ನೂ ಹತ್ತಿರ ಬಾ!”

ಲುಸಿಯಾನೆಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಹಾಡಿನ ವಿಡಿಯೋ ತೆಗೆಯುತ್ತಿದ್ದ ಮಾಂಗೆರೆಯ ಆ ಕಾರು ರಿಪೇರಿ ಅಂಗಳದಲ್ಲಿ ಒಮ್ಮೆಲೇ ಸದ್ದಡಗಿತು. ಬಾಗಿಲು ತೆರೆದು ಸಾಲಾಗಿ ನಿಲ್ಲಿಸಿದ್ದ ಕಾರುಗಳ ಹಿಂದೆ ಹುಡುಗರು ಕೈ ಕಟ್ಟಿಕೊಂಡು ಗತ್ತಿನಲ್ಲಿ ನಿಂತಿದ್ದರು. ಅಷ್ಟು ಹೊತ್ತು ಹುಲಿಗಳ ಹಾಗಿದ್ದವರು ಈಗ ತಂತಮ್ಮ ಬೂಟು ನೋಡತೊಡಗಿದರು.

ಅವಳ ಎದುರಿಗಿದ್ದ ಸಾಯಾ ಕತ್ತಿನ ಸರ ಬಿಚ್ಚಿ ಕಾರಿನ ಮೇಲಿಟ್ಟ. ಒಂದು ಮಾತೂ ಆಡದೆ ಗೇಟು ದಾಟಿ ಹೋಗಿಯೇಬಿಟ್ಟ.

“ಅರೆ! ಏನಾಯ್ತು ಇವನಿಗೆ?” ಕ್ಯಾಮೆರಾ ಹಿಡಿದಿದ್ದ ತಾಮತಿ ಸುತ್ತಲೂ ನೋಡಿದ.

ಹುಡುಗರು ಒಬ್ಬರ ಹಿಂದೆ ಒಬ್ಬರು ಕಾರಿನ ಬಾಗಿಲು ಮುಚ್ಚತೊಡಗಿದರು.

ತಾಮತಿ ಲುಸಿಯಾನೆಯತ್ತ ತಿರುಗಿದ. ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು. ಆ ಒಂದು ಗಳಿಗೆ ಇಬ್ಬರೂ ಹಾಗೇ ನಿಂತರು... ಗುರುತಿಲ್ಲದವನ ಮುಂದೆ ಅಳು ಬಂತಲ್ಲ ಎಂದು ಅವಳಿಗೆ ನಾಚಿಕೆ. ಈ ಕಣ್ಣನ್ನು ಇನ್ನು ಮರೆಯಲಾಗದಲ್ಲ ಎಂದು ಅವನಿಗೆ ದಿಗಿಲು.

“ಬಾಸ್, ಟೀ ಕುಡಿಯೋಣ ಬನ್ನಿ,” ಎಂದ ಸಾಯಾನ ಗೆಳೆಯ ಪೇನಿ. ಯಾರಿಗೆ ಮುಜುಗರವಾದರೂ ಟೀ ನೆನಪಾಗುವ ಹುಡುಗ ಅವನು.

ಸಾಯಾ ಲುಸಿಯಾನೆಗೆ ದೊಡ್ಡಮ್ಮನ ಮಗ. ದ್ವೀಪನಾಡು ಟೊಂಗಾದಿಂದ ಬಂದ ಇವರಲ್ಲಿ ಅವನು ಅಣ್ಣನೇ, ಒಡಹುಟ್ಟಿದವನಿಗಿಂತ ಕಾಸಿನಷ್ಟೂ ಕಮ್ಮಿಯಲ್ಲ. ಹರೆಯ ಬಂದ ಮೇಲೆ ಅಣ್ಣ ಇರುವ ಕೋಣೆಯಲ್ಲಿ ತಂಗಿ ಕೂರುವುದಿಲ್ಲ. ಟಿವಿಯಲ್ಲಿ ಒಂದು ಮುತ್ತಿನ ದೃಶ್ಯ ಬಂದರೆ ಅಣ್ಣ ನೀರು ಕುಡಿಯುವ ನೆಪ ಮಾಡಿ ಎದ್ದು ಹೋಗುತ್ತಾನೆ. ಅದು ಕೋಪವಲ್ಲ, ತಂಗಿಗೆ ಕೊಡುವ ಗೌರವ. ಈ ಹಾಡನ್ನೂ ಅವರು ಹಾಗೇ ಕಟ್ಟಿದ್ದರು. ಬೀದಿಯ ಕಷ್ಟ ಸುಖದ ರ‍್ಯಾಪನ್ನು ಸಾಯಾ ಒಂದು ದಿನ ಹಾಡಿ ಹೋದ. ದೂರ ಹೋದ ನಲ್ಲನಿಗಾಗಿ ಕಾಯುವ ಪಲ್ಲವಿಯನ್ನು ಅವಳು ಇನ್ನೊಂದು ದಿನ ಬಂದು ಹಾಡಿದಳು. ವಿಡಿಯೋದಲ್ಲೂ ದೂರ ದೂರವೇ ನಿಲ್ಲಿಸುತ್ತಾರೆಂದು ನಂಬಿ ಇಬ್ಬರೂ ಬಂದಿದ್ದರು.

ಇದನ್ನು ತಾಮತಿಗೆ ಯಾರಾದರೂ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಬ್ಬ ಹೇಳಿರುತ್ತಾನೆ ಎಂದು ಪ್ರತಿಯೊಬ್ಬನೂ ತಿಳಿದ. ಬಾಯಿಬಿಟ್ಟು ಹೇಳಲೂ ನಾಚಿಕೆಯ ಮಾತು ಅದು. ತಾಮತಿ ಈ ನೆಲದ ಮೂಲನಿವಾಸಿ, ಮಾವೊರಿಯೇ. ಆದರೆ ಹುಟ್ಟಿ ಬೆಳೆದದ್ದು ಕಡಲಾಚೆಯ ಪರ್ತ್‌ನಲ್ಲಿ. ಈ ಕಡೆಗೆ ಬಂದು ಎರಡು ಬೇಸಿಗೆಯೂ ಕಳೆದಿರಲಿಲ್ಲ. ಅಣ್ಣ ತಂಗಿಯ ಮನೆತನದ ಹೆಸರುಗಳೂ ಬೇರೆ ಬೇರೆ.

*ಇವರಿಬ್ಬರಿಗೂ ಏನೋ ಇತ್ತು... ಮುರಿದುಹೋಗಿದೆ,* ಎಂದುಕೊಂಡ ಅವನು.

ಮನುಷ್ಯನ ಬುದ್ಧಿಯೇ ಹಾಗೆ. ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರುವುದನ್ನೇ ತುಂಬಿಕೊಳ್ಳುತ್ತದೆ. ತಾಮತಿಗೆ ಗೊತ್ತಿದ್ದದ್ದು ಈ ಹಾಡುಗಳ ಕಟ್ಟಳೆ. ಗಂಡು ರ‍್ಯಾಪ್ ಹೇಳುವಾಗ ಕ್ಯಾಮೆರಾ ನೆಲಕ್ಕಿಳಿಯಬೇಕು, ಅವನು ಗೋಪುರದಷ್ಟು ಎತ್ತರ ಕಾಣಬೇಕು, ಬೆನ್ನಿಗೆ ಗೆಳೆಯರಿರಬೇಕು. ಹೆಣ್ಣಿನ ಪಲ್ಲವಿ ಬಂತೋ, ಎಲ್ಲವೂ ನಿಧಾನ. ಗಾಳಿಗೆ ಹಾರುವ ಕೂದಲು, ನೇರ ನಮ್ಮನ್ನೇ ನೋಡುವ ಒದ್ದೆ ಕಣ್ಣು. ಮರುಗಳಿಗೆ ಗಂಡಿನ ಮುಖ. ಆಗ ನೋಡುವವರಿಗೆ ಕೇಳುವುದೇ ಬೇಡ, ಇವಳು ಅವನಿಗಾಗಿ ಅಳುತ್ತಿದ್ದಾಳೆ ಎಂದು ತಿಳಿಯುತ್ತದೆ.

“ಸರಿ, ಇಬ್ಬರನ್ನೂ ಬೇರೆ ಬೇರೆ ತೆಗೀತೀನಿ ಬಿಡಿ,” ಎಂದ ಅವನು.

ಎಲ್ಲರೂ ಉಸಿರು ಬಿಟ್ಟರು. *ಪರವಾಗಿಲ್ಲ, ಹುಡುಗನಿಗೆ ತಿಳಿದಿದೆ,* ಎಂದುಕೊಂಡರು!

*

ಲುಸಿಯಾನೆಯ ಭಾಗವನ್ನು ಮಾಂಗೆರೆ ಬೆಟ್ಟದ ಮೇಲೆ ತೆಗೆದರು. ಕಾವಲಿಗೆ ಅವಳ ಸೋದರತ್ತೆ ವಾಸಿತಿ ಬಂದಿದ್ದಳು. ಅತ್ತೆಯ ಮಾತಿಗೆ ಆ ಮನೆಯಲ್ಲಿ ಅಪ್ಪನೂ ಎದುರಾಡುವುದಿಲ್ಲ.

“ಹುಡುಗಿ ತೋಳು ಮುಚ್ಚಿರ್ಲಿ. ಕೂದಲು ಎಷ್ಟು ಬೇಕಾದ್ರೂ ಹಾರ್ಲಿ,” ಎಂದು ಅಪ್ಪಣೆ ಕೊಟ್ಟು, ಮಡಿಸುವ ಕುರ್ಚಿಯಲ್ಲಿ ಕೂತು ಆಲೂ ಚಿಪ್ಸ್ ಪೊಟ್ಟಣ ಬಿಚ್ಚಿದಳು.

“ಕ್ಯಾಮೆರಾನ ನೋಡು ಲುಸಿ. ಇದೊಂದು ಗಾಜು ಅಂತ ಮರೆತುಬಿಡು. ನಿನಗೆ ತುಂಬ ಬೇಕಾದೋರು ಇಲ್ಲಿದ್ದಾರೆ, ಆದ್ರೆ ನಿನ್ನ ಬಿಟ್ಟು ಹೋಗ್ತಿದ್ದಾರೆ... ಹಾಗಂತ ನೋಡು.”

ಅವನು ಹಿಂದೆ ಹಿಂದೆ ಹೆಜ್ಜೆ ಇಟ್ಟ. ಅವಳು ಹಾಡುತ್ತ ಮುಂದೆ ಬಂದಳು. ಬೆಟ್ಟದಲ್ಲಿ ದನ ಮೇಯುವುದನ್ನು ಅವನು ಮರೆತಿದ್ದ. ಕಾಲು ಸಗಣಿಯ ಮೇಲೆ ಬಿತ್ತು, ಜಾರಿದ, ಕ್ಯಾಮೆರಾವನ್ನು ಮಾತ್ರ ಮಗುವಿನ ಹಾಗೆ ಎದೆಗವಚಿಕೊಂಡು ಅಂಗಾತ ಬಿದ್ದ.

“ಅಯ್ಯೋ! ಪೆಟ್ಟಾಯ್ತಾ?”

“ಕ್ಯಾಮೆರಾಗಾ? ಇಲ್ಲ.”

“ನಿಮಗೆ ರೀ!”

“ನನ್ನ ಯಾರು ಕೇಳ್ತಾರೆ ಬಿಡು!”

ಅವಳು ನಕ್ಕಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕಳು. ಅವನ ತೋಳಿಗೆ ಅಂಟಿದ್ದನ್ನು ಹುಲ್ಲಿನಿಂದ ಒರೆಸುವಾಗ ಅವಳೊಳಗೆ ಏನೋ ಕರಗಿತು. ಮತ್ತೆ ಹಾಡಲು ನಿಂತಾಗ ನಟಿಸಬೇಕಾಗಲಿಲ್ಲ. ಗಾಜಿನ ಆಚೆ, ಕ್ಯಾಮೆರಾ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದವನನ್ನೇ ನೋಡಿ ಹಾಡಿದಳು...

ಅತ್ತೆ ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದ್ದಳು.

ತಾಮತಿಯ ಎದೆ ಮಾತ್ರ ಉರಿಯಿತು. *ಎಷ್ಟು ಪ್ರೀತಿ ಈ ಕಣ್ಣಲ್ಲಿ! ಆ ಸಾಯಾ ಎಂಥ ಪುಣ್ಯವಂತ... ಎಂಥ ಮೂರ್ಖ!*

*

ಶನಿವಾರ ಸಂಜೆ ಆರಕ್ಕೆ ವಿಡಿಯೋ ಇಂಟರ್ನೆಟ್ಟಿಗೆ ಹೋಗುವ ಮುಂಚೆ, ಮಧ್ಯಾಹ್ನ ಅತ್ತೆಯ ಮನೆಯ ಗ್ಯಾರೇಜಿನಲ್ಲಿ ಮನೆಯವರಿಗೆಲ್ಲ ತೋರಿಸುವುದೆಂದಾಯಿತು. ಗೋಡೆಗೆ ಬಿಳಿ ಹಾಸು ಕಟ್ಟಿದ್ದರು. ಕೆಸುವಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಘಮ ಹಬ್ಬಿತ್ತು. ಬೇರೆ ಬೇರೆ ತೆಗೆದದ್ದು ತಾನೇ, ನೋಡಲು ಅಡ್ಡಿಯಿಲ್ಲ ಎಂದು ಸಾಯಾ ಕೂಡ ಹಿಂದೆ ಬಾಗಿಲ ಬಳಿ ನಿಂತಿದ್ದ.

ಶುರು ಮಾಡುವ ಮುಂಚೆ ತಾಮತಿ ಲುಸಿಯಾನೆಯನ್ನು ಬೇಲಿಯ ಹತ್ತಿರ ಕರೆದ. ಮುಖ ಬಾಡಿತ್ತು.

“ನಾನು ನೋಡೋಕೆ ನಿಲ್ಲಲ್ಲ ಲುಸಿ. ಆರು ಗಂಟೆಗೆ ಊರಿಗೆಲ್ಲ ತಾನಾಗೇ ಬಿಡುಗಡೆ ಆಗತ್ತೆ, ಹಾಗೆ ಮಾಡಿಟ್ಟಿದೀನಿ. ನಿನ್ನ ಮನಸ್ಸಲ್ಲಿ ಇರೋದನ್ನೇ ತೋರಿಸಿದೀನಿ. ಸುಖವಾಗಿರು.”

“ಏನ್ ಹೇಳ್ತಿದೀರಿ? ನನಗೆ ಅರ್ಥ ಆಗ್ಲಿಲ್ಲ...”

“ನೋಡು, ಗೊತ್ತಾಗತ್ತೆ.”

ಹೋಗಿಬಿಟ್ಟ.

ಹಾಸಿನ ಮೇಲೆ ಚಿತ್ರ ಮೂಡಿತು. ಕಾರುಗಳು ಬಂದವು, ಹುಡುಗರು ಸಿಳ್ಳೆ ಹಾಕಿದರು. ಪಲ್ಲವಿ ಬಂತು. ಬೆಟ್ಟದ ಮೇಲೆ ಅವಳ ಒದ್ದೆ ಕಣ್ಣು... ಮರುಗಳಿಗೆ ಸಾಯಾನ ಮುಖ. ಅವಳು ಚಾಚಿದ ಕೈ... ಎದೆಯ ಮೇಲಿನ ಸರ ಹಿಡಿದ ಸಾಯಾನ ಕೈ. ಅವಳ ತುಟಿ... ಮುಚ್ಚಿದ ಸಾಯಾನ ಕಣ್ಣು.

ಎಲ್ಲೂ ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ. ಮುಟ್ಟಿದ್ದಕ್ಕಿಂತ ಹೆಚ್ಚಾಗಿತ್ತು!

ಸಿಳ್ಳೆ ನಿಂತಿತು. ಒಬ್ಬ ಎದ್ದು ಹೊರಗೆ ಹೋದ. ಅವನ ಹಿಂದೆ ಇನ್ನೊಬ್ಬ. ಸಾಯಾನ ಅಮ್ಮ ತಲೆಗೆ ಟವೆಲ್ ಎಳೆದುಕೊಂಡು ಮುಖ ಮುಚ್ಚಿಕೊಂಡಳು. ಲುಸಿಯಾನೆಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಂಗಳದಲ್ಲಿ ಯಾವುದೋ ಬಕೆಟ್ಟನ್ನು ಯಾರೋ ಒದ್ದ ಸದ್ದು ಕೇಳಿತು. ಅದು ಸಾಯಾ ಎಂದು ಅವಳಿಗೆ ಗೊತ್ತು.

“ಇನ್ನು ನಾನು ಚರ್ಚಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ಅವನನ್ನ ಕೊಂದ್‌ಹಾಕ್ತೀನಿ!” ಎಂದು ಅವನು ಕೂಗಿದ. ಕೂಗು ಅರ್ಧದಲ್ಲೇ ಒಡೆದು ಅಳುವಾಯಿತು.

ಅತ್ತೆ ಲುಸಿಯಾನೆಯ ಗಲ್ಲ ಹಿಡಿದೆತ್ತಿದಳು.

“ಆ ಹುಡುಗ ನಿನಗೆ ಬೇಕಾ?”

ಅವಳು ಅತ್ತೆಯ ಕೈಯನ್ನೇ ಹಿಡಿದುಕೊಂಡಳು. ಕಣ್ಣೀರು ಇಳಿಯಿತು.

“ಬೆಟ್ಟದ ಮೇಲೇ ನೋಡ್ದೆ, ನನ್ನ ಕಣ್ಣೇನು ಕುರುಡಾ? ಕೇಳು ಮಗಳೇ. ಆರು ಗಂಟೆ ಒಳಗೆ ಇದು ನಿಂತ್ರೆ, ಅವನು ತಿಳೀದೆ ತಪ್ಪು ಮಾಡಿದ ಹುಡುಗ. ನಿಲ್ದೆ ಊರೆಲ್ಲ ನೋಡ್ತೋ, ನಿನ್ನ ಅಣ್ಣನ ಮಾನ ಕಳೆದವನು ನಮ್ಮ ಹೊಸಿಲು ತುಳಿಯೋ ಹಾಗಿಲ್ಲ. ನೀನೂ ಅವನನ್ನ ಮರೀಬೇಕು. ಓಡು!”

*

ಓಡಿದಳು.

ಫೋನ್ ಮಾಡಿದಳು. ತಾಮತಿಯದು ಆಫ್ ಆಗಿತ್ತು. ಮತ್ತೆ ಮಾಡಿದಳು... ಮತ್ತೆ... ಅದೇ ಹೆಣ್ಣು ದನಿ, ಅದೇ ಮಾತು. ಪಕ್ಕದ ಬಡಾವಣೆ ಒಟಾಹುಹುವಿನ ಅವನ ಬಾಡಿಗೆ ಕೋಣೆಗೆ ಬಸ್ ಹತ್ತಿದಳು. ಬಸ್ಸು ಪ್ರತಿ ಸಿಗ್ನಲ್ಲಿಗೂ ನಿಂತಿತು. ಒಬ್ಬ ಮುದುಕ ಚಿಲ್ಲರೆ ಹುಡುಕುತ್ತಾ ಬಾಗಿಲಲ್ಲೇ ನಿಂತ. *ದೇವರೇ... ದೇವರೇ, ಬೇಗ!*

ಬಾಗಿಲು ತೆಗೆದವನು ಅವನ ಕೋಣೆಯ ಜೊತೆಗಾರ, ಹಲ್ಲುಜ್ಜುತ್ತಿದ್ದ.

“ತಾಮತಿನಾ? ಗಾಳ ತಗೊಂಡು ಸೇತುವೆ ಕಡೆ ಹೋದ. ನಾಳೆ ಪರ್ತ್‌ಗೆ ಹೊರಟ್ನಲ್ಲ, ನಿಮಗೆ ಹೇಳ್ಲಿಲ್ವಾ?”

ಪರ್ತ್! ಒಂದು ಮಾತೂ ಹೇಳದೆ!

ಮತ್ತೆ ಬಸ್ಸಿಗೆ ಕಾಯುವ ತಾಳ್ಮೆ ಉಳಿದಿರಲಿಲ್ಲ. ಪೇನಿಗೆ ಫೋನ್ ಮಾಡಿದಳು. ಅವನು ವಿಡಿಯೋಗೆಂದು ತೊಳೆದು ಮಿರಮಿರ ಮಾಡಿದ್ದ ಕಾರನ್ನೇ ತಂದ.

“ಅಕ್ಕ, ತಪ್ಪು ನಮ್ಮದೂ ಇದೆ. ಅವತ್ತೇ ಹೇಳ್ಬೇಕಿತ್ತು. ನಾನು ಟೀ ಕುಡಿದೆ!”

“ಬೇಗ ಓಡ್ಸೋ, ಪೇನಿ...”

“ಓಡಿಸ್ತಿದೀನಿ ಅಕ್ಕ, ಇದು ನೋಡೋಕಷ್ಟೇ ಚೆಂದ!”

ಸೇತುವೆಯ ಮೇಲೆ ಸಾಲಾಗಿ ಜನ ಗಾಳ ಹಾಕಿ ಕೂತಿದ್ದರು. ಉಬ್ಬರದ ನೀರು ಕೆಸರುಬಣ್ಣಕ್ಕೆ ತಿರುಗಿತ್ತು. ಒಬ್ಬೊಬ್ಬರ ಮುಖ ಬಗ್ಗಿ ನೋಡುತ್ತಾ ಓಡಿದಳು. ಇವನಲ್ಲ... ಇವನೂ ಅಲ್ಲ... ಚಪ್ಪಲಿ ಕಿತ್ತುಹೋಯಿತು. ಅಲ್ಲೇ ಬಿಟ್ಟಳು.

ಕೊನೆಗೆ ಕಂಬಿಗೆ ಒರಗಿ ಕೂತಿದ್ದ ಅವನು ಸಿಕ್ಕ.

“ಅದನ್ನ ನಿಲ್ಲಿಸಿ!” ಎಂದಳು. ಉಸಿರು ಸಾಲಲಿಲ್ಲ. “ವಿಡಿಯೋ... ಈಗಲೇ ನಿಲ್ಲಿಸಿ!”

ತಾಮತಿ ತಿರುಗಲಿಲ್ಲ. “ಯಾಕೆ? ಚೆನ್ನಾಗಿ ಬಂದಿಲ್ವಾ? ಇಬ್ಬರೂ ಮುಖ ತಪ್ಪಿಸ್ಕೊಂಡು ಎಷ್ಟು ದಿನ ಇರ್ತೀರ? ಹೋಗು ಲುಸಿ, ಅವನ ಹತ್ರ ಹೋಗು. ನನಗೂ ನೋಡೋ ಶಕ್ತಿ ಇಲ್ಲ.”

“ಅವನು ನಮ್ಮಣ್ಣ!”

ಪಕ್ಕದ ಮುದುಕನೊಬ್ಬ ಗಾಳ ಬಿಟ್ಟು ಇವರನ್ನೇ ನೋಡಿದ.

“ದೊಡ್ಡಮ್ಮನ ಮಗ. ನಮ್ಮಣ್ಣ. ನನ್ನ ಮುಖ ನೋಡಲ್ಲ, ನಾನಿದ್ದ ಕಡೆ ಕೂರಲ್ಲ... ಅದು ಮುನಿಸಲ್ಲ, ಮರ್ಯಾದೆ! ನೀನು ಅದನ್ನ ಏನು ಮಾಡಿಟ್ಟೆ ಗೊತ್ತಾ? ಪ್ರತಿ ಭಾನುವಾರ ಚರ್ಚಲ್ಲಿ ತಲೆ ಎತ್ತಿ ನಿಲ್ಲೋ ಹುಡುಗ, ಅಂಗಳದಲ್ಲಿ ಕೂತು ಮಗು ಥರ ಅಳ್ತಿದಾನೆ!”

ತಾಮತಿ ಈಗ ತಿರುಗಿದ.

“ಅಣ್ಣ...” ಎಂದ. ಮತ್ತೆ, “ಅವನ ಎದೆ ಮೇಲೆ ಕೈ ಇಡು ಅಂದೆನಲ್ಲ... ದೇವರೇ... ನಾನು ಏನು ಮಾಡ್ಬಿಟ್ಟೆ!”

“ಫೋನ್ ತೆಗಿ. ಆಮೇಲೆ ಅಳು.”

ಅವನು ಫೋನನ್ನು ಆನ್ ಮಾಡಿದ. ಫೋನು ಬೆಳಗಿತು, ಮತ್ತೆ ಕಪ್ಪಾಯಿತು, ನಿಧಾನವಾಗಿ ಮತ್ತೆ ಬೆಳಗಿತು. ದೂರದ ಚರ್ಚಿನ ಆರರ ಗಂಟೆ ಎಲ್ಲಿ ಹೊಡೆದುಬಿಡುತ್ತದೋ ಎಂದು ಅವಳು ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. *ಇದು ಊರಿಗೆ ಹೋದರೆ ಇವನೂ ಹೋದ... ಅಣ್ಣನ ಕಣ್ಣೀರಿನ ಮೇಲೆ ನಾನು ಮನೆ ಕಟ್ಟಲಾರೆ.*

ಅವನು ಒತ್ತಿದ. ಕಾದ. ಇನ್ನೊಮ್ಮೆ ಒತ್ತಿದ.

“ಹೋಯ್ತು... ಅಳಿಸಿದೆ. ಯಾರೂ ನೋಡಲ್ಲ.”

ಆಗ ಗಂಟೆ ಹೊಡೆಯಿತು.

ಲುಸಿಯಾನೆ ಅಲ್ಲೇ ಕುಸಿದು ಕೂತು ಬಿಕ್ಕಿದಳು. ಅವನು ಪಕ್ಕದಲ್ಲಿ ಕೂತ, ಮುಟ್ಟುವ ಧೈರ್ಯವಿಲ್ಲದೆ.

“ಒಂದು ಕೇಳ್ಲಾ? ಆ ಕಣ್ಣೀರು... ಆ ನೋಟ... ನಟನೆ ಅಲ್ಲ ಅದು, ನನಗೆ ಗೊತ್ತಾಗತ್ತೆ. ಹಾಗಾದ್ರೆ ಯಾರಿಗೆ?”

ಅವಳಿಗೆ ಅಳುವಿನ ನಡುವೆಯೇ ಸಿಟ್ಟು ಬಂತು.

“ನನ್ನ ಮುಖಕ್ಕೆ ಕ್ಯಾಮೆರಾ ಹಿಡಿದು ದಿನವೆಲ್ಲ ನಿಂತಿದ್ದೆಯಲ್ಲ. ಅದರ ಹಿಂದೆ ಯಾರಿದ್ರು? ಅತ್ತೆಗೆ ಗೊತ್ತಾಯ್ತು, ಬೆಟ್ಟದ ದನಕ್ಕೂ ಗೊತ್ತಾಗಿರತ್ತೆ. ನಿನಗೊಬ್ಬನಿಗೇ...!”

ಅವನು ಗಾಳ ಸುತ್ತಿಟ್ಟ. ಆಮೇಲೆ ತನ್ನ ಬೂಟು ಬಿಚ್ಚಿ ಅವಳ ಬರಿಗಾಲಿನ ಮುಂದಿಟ್ಟ.

“ಹಾಕ್ಕೋ. ನಿಮ್ಮಣ್ಣನ ಹತ್ರ ಹೋಗ್ಬೇಕು.”

*

ಟೊಂಗಾದವರು ಗೌರವ ತೋರಲು ಉಡುವ ಹೆಣೆದ ಚಾಪೆಯನ್ನು ಪೇನಿಯಿಂದ ಪಡೆದು ಸೊಂಟಕ್ಕೆ ಸುತ್ತಿಕೊಂಡು ತಾಮತಿ ಅತ್ತೆಯ ಅಂಗಳದ ಹುಲ್ಲಿನ ಮೇಲೆ ತಲೆ ತಗ್ಗಿಸಿ ಕೂತ. ಯಾರೂ ಒಳಗೆ ಕರೆಯಲಿಲ್ಲ. ಅವನೂ ಏಳಲಿಲ್ಲ. ಲುಸಿಯಾನೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು.

ಕಡೆಗೆ ಸಾಯಾ ಬಂದ. ಕಣ್ಣು ಕೆಂಪಾಗಿತ್ತು.

“ಒಂದು ಮಾತು ಕೇಳೋಕೆ ಏನಾಗಿತ್ತೋ ನಿನಗೆ?”

“ಗೊತ್ತಿದೆ ಅಂದ್ಕೊಂಡೆ ಅಣ್ಣ. ಅದೇ ನನ್ನ ತಪ್ಪು. ಕ್ಷಮಿಸು ಅನ್ನೋಕೂ ಬಾಯಿ ಬರ್ತಿಲ್ಲ.”

ಸಾಯಾ ತಾನೂ ಹುಲ್ಲಿನ ಮೇಲೆ ಕೂತ.

“ಹಾಡು ಸಾಯ್ಬಾರ್ದು. ಅವಳು ಕಷ್ಟಪಟ್ಟು ಹಾಡಿದಾಳೆ,” ಎಂದ.

“ಈ ವಿಡಿಯೋಗಳ ಕಟ್ಟಳೆ ಮುರೀತೀನಿ ಅಣ್ಣ. ಅವಳ ನೋಟ ಆದ್ಮೇಲೆ ಯಾರ ಮುಖಾನೂ ಬರಲ್ಲ. ಬರೀ ಕಡಲು. ಅವಳು ಯಾರಿಗೆ ಕಾಯ್ತಿದಾಳೆ ಅಂತ ನೋಡೋರು ಅವರವರೇ ತುಂಬ್ಕೊಳ್ಳಲಿ.”

“ಯಾರಿಗೆ ಕಾಯ್ತಿದಾಳೆ ಅನ್ನೋದು ನನ್ನ ಕಿವಿಗೂ ಬೀಳೋದು ಬೇಡಪ್ಪಾ!” ಎಂದು ಸಾಯಾ ದಡಬಡಿಸಿ ಎದ್ದ. ತುಟಿಯ ತುದಿಯಲ್ಲಿ ನಗು ಇಣುಕಿತ್ತು. “ಒಳಗೆ ಹೋಗಿ ಊಟ ಮಾಡು. ನಾನು ಇಲ್ಲೇ ಕಾರು ಒರೆಸ್ತಿರ್ತೀನಿ.”

ಅತ್ತೆ ತಟ್ಟೆ ತುಂಬ ಮರಗೆಣಸು ಬಡಿಸಿ, “ಪರ್ತ್‌ಗೆ ಹೋಗೋನು ಇಷ್ಟು ತಿಂದ್ರೆ ವಿಮಾನ ಏಳಲ್ಲ ನೋಡು,” ಎಂದು ಚುಚ್ಚಿ, ಉಪ್ಪು ತರುವ ನೆಪದಲ್ಲಿ ಆಚೆ ಹೋದಳು. ಉಪ್ಪು ಮೇಜಿನ ಮೇಲೇ ಇತ್ತು.

“ಹೋಗಲ್ಲ ಲುಸಿ,” ಎಂದ ತಾಮತಿ. “ಇನ್ನೆಲ್ಲೂ ಹೋಗಲ್ಲ. ಲುಸಿ... ನನ್ನ ಮದುವೆ ಆಗ್ತೀಯಾ?”

“ಶ್ಶ್! ಮೆತ್ತಗೆ! ಅಣ್ಣ ಕಿಟಕಿ ಹತ್ರಾನೇ ಇದಾನೆ...”

ಅವನು ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದ. ಮತ್ತೆ ಮುಂದಕ್ಕೆ ಬಾಗಿ, ಉಸಿರಿನಷ್ಟೇ ಸದ್ದಿನಲ್ಲಿ ಕೇಳಿದ, “ಆಗ್ತೀಯಾ?”

“ಆಗ್ತೀನಿ,” ಎಂದಳು ಲುಸಿಯಾನೆ, ಅವನಿಗಿಂತಲೂ ಮೆತ್ತಗೆ.