ಸೀಲು ಮಾಡಿಟ್ಟ ಕೊಂಡಿ

೨೦೦೬ರ ನವೆಂಬರ್ ೧೪, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ರಾಜಾಜಿನಗರದ ಠಾಣೆಗೆ ಬಂದ ದೂರನ್ನು ಓದಿ ಇನ್ಸ್‌ಪೆಕ್ಟರ್ ಭೈರೇಶ್‌ಗೆ ನಗು ಬಂತು. ಕಳುವಾದ ವಸ್ತು: ಮಡಚುವ ಸ್ಟ್ರೆಚರಿನ ಕಬ್ಬಿಣದ ಕೊಂಡಿ, ಒಂದು. ಬೆಲೆ ನೂರಿಪ್ಪತ್ತು ರೂಪಾಯಿ. ಸರಗಳ್ಳರ ಹಿಂದೆ ಓಡಿ ಸುಸ್ತಾಗಿದ್ದ ಠಾಣೆಗೆ ಇದೊಂದು ಬಾಕಿ ಇತ್ತು.

ದೂರು ತಂದವರು ನೀಲಾಂಬಿಕಾ. ಕೈಗಾರಿಕಾ ಬಡಾವಣೆಯಲ್ಲಿದ್ದ ಸೇನಾ ಸಾಮಗ್ರಿ ತಪಾಸಣಾ ಕಚೇರಿಯ ಅಧಿಕಾರಿ, ವಯಸ್ಸು ನಲವತ್ತರ ಆಸುಪಾಸು. ಕೂರಿ ಎಂದರೂ ಕೂರಲಿಲ್ಲ.

"ಎಫ್‌ಐಆರ್ ಕಾಪಿ ಇವತ್ತೇ ಬೇಕು ಸಾರ್."

"ನೂರಿಪ್ಪತ್ತು ರೂಪಾಯಿ ಮಾಲಿಗೆ ಎಫ್‌ಐಆರ್ ಯಾಕೆ ಮೇಡಂ?"

"ಅದು ಮಾಲಲ್ಲ, ಮಾದರಿ. ಸೀಲ್ ಮಾಡಿಟ್ಟಿರೋದು. ಸೇನೆ ಕೊಳ್ಳೋ ಪ್ರತಿ ಸ್ಟ್ರೆಚರಿನ ಕೊಂಡಿನೂ ಅದರ ಥರಾನೇ ಇರ್ಬೇಕು. ದೂರು ತಗೊಳಲ್ಲ ಅಂದ್ರೆ, ತಗೊಳಲ್ಲ ಅಂತ ಬರೆದುಕೊಡಿ."

ಹೀಗೆ ಮಾತಾಡುವವರ ಜೊತೆ ಭೈರೇಶ್ ವಾದಕ್ಕೆ ಇಳಿಯುತ್ತಿರಲಿಲ್ಲ. ಕಳವಿನ ಪ್ರಕರಣ ದಾಖಲಾಯಿತು. ಕಾಪಿ ಕೈಗೆ ಬಿದ್ದದ್ದೇ ಆಕೆ ಆಟೋ ಹತ್ತಿ ಹೊರಟೇಬಿಟ್ಟರು.

ಹನ್ನೆರಡೂವರೆಗೆ ಭೈರೇಶ್ ಮತ್ತು ಹೆಡ್ ಕಾನ್‌ಸ್ಟೆಬಲ್ ಯಶೋದಮ್ಮ ಸ್ಥಳ ಮಹಜರಿಗೆ ಕಚೇರಿಗೆ ಹೋದರು. ಮಾದರಿಗಳನ್ನಿಟ್ಟಿದ್ದ ಬೀರುವಿನ ಬೀಗ ಒಡೆದಿರಲಿಲ್ಲ. ಹಿತ್ತಾಳೆ ಸಾಮಾನು, ದುರ್ಬೀನು, ದಿಕ್ಸೂಚಿ, ಎಲ್ಲ ಇಟ್ಟಲ್ಲೇ ಇದ್ದವು.

"ಈ ಕಳ್ಳನಿಗೆ ಕಣ್ಣು ಕಾಣಲ್ವಾ ಸಾರ್?" ಎಂದಳು ಯಶೋದಮ್ಮ. "ದುರ್ಬೀನು ಬಿಟ್ಟು ಕಬ್ಬಿಣ ಎತ್ಕೊಂಡೋಗಿದಾನೆ."

ಕಚೇರಿಯ ಉಪನಿರ್ದೇಶಕ ಅಂಜಿನಯ್ಯ ಟೀ ತರಿಸಿದರು. ಮುಖದಲ್ಲಿ ಗಾಬರಿ ಎದ್ದು ಕಾಣುತ್ತಿತ್ತು.

"ಕೊಂಡಿ ಸಿಗದಿದ್ರೆ ಏನಾಗುತ್ತೆ?" ಭೈರೇಶ್ ಕೇಳಿದ.

"ಖರೀದಿ ನಿಲ್ಲುತ್ತೆ. ಬರೋ ಸೋಮವಾರ ಹನ್ನೆರಡು ಸಾವಿರ ಸ್ಟ್ರೆಚರಿನ ಆರ್ಡರ್‌ಗೆ ಸಹಿ ಆಗ್ಬೇಕಿತ್ತು. ಈಗ ಹೊಸ ಮಾದರಿ ಮಾಡಿಸಿ, ಬಿಸಿಲು ಚಳಿ ಎಲ್ಲದರಲ್ಲೂ ಪರೀಕ್ಷೆ ಮಾಡಿ, ಸೀಲ್ ಹಾಕ್ಬೇಕು. ಎಫ್‌ಐಆರ್ ಕಾಪಿ ಇಟ್ರೆ ಮೂರು ತಿಂಗಳಲ್ಲಿ ಆಗುತ್ತೆ."

"ಕಳುವಾಗದೇ ಇದ್ದಿದ್ರೆ? ಹಳೇದರಲ್ಲಿ ದೋಷ ಇದೆ, ಬದಲಾಯಿಸಿ ಅಂತ ಯಾರಾದ್ರೂ ಕೇಳಿದ್ರೆ?"

ಅಂಜಿನಯ್ಯ ಮೊದಲ ಸಲ ನಕ್ಕರು. "ಕೇಳ್ಬೋದು. ಫೈಲ್ ದೆಹಲಿಗೆ ಹೋಗುತ್ತೆ, ನಾಲ್ಕು ಪ್ರಶ್ನೆ ಹೊತ್ಕೊಂಡು ವಾಪಸ್ ಬರುತ್ತೆ, ಮತ್ತೆ ಹೋಗುತ್ತೆ. ಚಳಿ ಜಾಸ್ತಿಯಾದ್ರೆ ಕೊಂಡಿ ತಾನೇ ಬಿಚ್ಕೊಳುತ್ತೆ ಅಂತ ನಮ್ಮ ನೀಲಾಂಬಿಕಾ ನಾಲ್ಕು ವರ್ಷದಿಂದ ಬರೀತಾನೇ ಇದಾರೆ."

ಸೈನ್ಯಕ್ಕೆ ಸಾಮಾನು ಕೊಳ್ಳುವ ದಾರಿ ಇಷ್ಟು ಚೆಂದವಾಗಿದೆಯೆಂದು ಭೈರೇಶ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊಂಡಿ ಕೆಟ್ಟದ್ದು ಎಂದರೆ ನಾಲ್ಕು ವರ್ಷವಾದರೂ ಯಾರಿಗೂ ಅವಸರವಿಲ್ಲ. ಕಳೆದುಹೋಯಿತು ಎಂದರೆ ಮೂರೇ ತಿಂಗಳು. ಅವನು ಟೀ ಲೋಟ ಕೆಳಗಿಟ್ಟ.

"ಬೀರುವಿನ ಕೀ ಯಾರ ಹತ್ರ ಇರುತ್ತೆ?"

"ಆಕೆ ಹತ್ರಾನೇ."

ನಾಲ್ಕು ಗಂಟೆಗೆ ನೀಲಾಂಬಿಕಾ ಠಾಣೆಯಲ್ಲಿದ್ದರು. ಈ ಸಲ ತಾವಾಗಿಯೇ ಕುರ್ಚಿ ಎಳೆದುಕೊಂಡು ಕೂತರು.

"ಕೊಂಡಿ ಎಲ್ಲಿದೆ ಮೇಡಂ?"

"ಒಂದು ಗಂಟೆಗೇ ಎಫ್‌ಐಆರ್ ಕಾಪಿನ ದೆಹಲಿಗೆ ಫ್ಯಾಕ್ಸ್ ಮಾಡಿ ಆಯ್ತು. ಈಗ ಹೇಳ್ತೀನಿ. ಹೆಗ್ಗನಹಳ್ಳಿಲಿದೆ."

"ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಪಶ್ಚಾತ್ತಾಪ ಇದೆಯಾ?"

"ಇದೆ. ನಾಲ್ಕು ವರ್ಷ ಸುಮ್ನೆ ಕಾದಿದ್ದಕ್ಕೆ."

"ಮಾಲು ಸಿಕ್ಕಿದ್ಮೇಲೆ ಅದು ಮತ್ತೆ ಬೀರುವಿಗೇ ಹೋಗುತ್ತಲ್ವಾ? ಇಷ್ಟೆಲ್ಲಾ ಮಾಡಿ ಏನು ಬಂತು?"

"ಮೊದಲು ನೋಡಿ ಸಾರ್."

ಹೆಗ್ಗನಹಳ್ಳಿಯ ಒಂದು ಶೀಟಿನ ಶೆಡ್ಡಿನಲ್ಲಿ ಗೋಕಾಕದ ಕಡೆಯ ಬಾಳೇಶ ಲೇಥ್ ಯಂತ್ರ ಇಟ್ಟುಕೊಂಡಿದ್ದ. ಪೊಲೀಸರನ್ನು ಕಂಡದ್ದೇ ಯಂತ್ರ ನಿಲ್ಲಿಸಿ ಎದ್ದು ನಿಂತ. ನೀಲಾಂಬಿಕಾ ಹೇಳಿದ ಮೇಲೆ ಡ್ರಾಯರಿನಿಂದ ಒಂದು ಬಟ್ಟೆಗಂಟು ತೆಗೆದ. ಕೊಂಡಿ ಎರಡು ತುಂಡಾಗಿತ್ತು. ಗರಗಸ ಅರಗಿನ ಸೀಲಿನ ನಡುವೆಯೇ ಹಾದುಹೋಗಿತ್ತು.

"ಮೇಡಂ ಕೊಯ್ದು ಕೊಡು ಅಂದ್ರು, ಕೊಯ್ದೇನ್ರಿ ಸಾಹೇಬ್ರ. ಸರ್ಕಾರದ್ದು ಅಂತ ನನಗೇನ್ ಗೊತ್ರಿ?"

"ಅವನನ್ನ ಬಿಡಿ ಸಾರ್," ಎಂದರು ನೀಲಾಂಬಿಕಾ. "ಸೀಲ್ ಒಡೆದ ಮಾದರಿ ಇನ್ಮೇಲೆ ಮಾದರಿ ಅಲ್ಲ. ಅದು ನಮ್ಮ ನಿಯಮವೇ."

ಪಂಚರಾಗಿ ಪಕ್ಕದ ಟೀ ಅಂಗಡಿಯವನನ್ನೂ ಶೆಡ್ಡಿನ ಮಾಲೀಕನನ್ನೂ ಕರೆಸಿ ಪಂಚನಾಮೆ ಶುರು ಮಾಡುವಷ್ಟರಲ್ಲಿ ಮಾಲು ಗುರುತಿಸಲು ಕರೆಸಿದ್ದ ಅಂಜಿನಯ್ಯನವರ ಕಾರು ಬಂತು. ತುಂಡುಗಳನ್ನು ನೋಡಿದವರೇ ಫೋನಿನಲ್ಲಿ ಮಾತಾಡಿ, ಭೈರೇಶ್‌ನನ್ನು ಪಕ್ಕಕ್ಕೆ ಕರೆದರು.

"ಇನ್ಸ್‌ಪೆಕ್ಟ್ರೇ, ಇದನ್ನ ವೆಲ್ಡಿಂಗ್ ಮಾಡಿಸ್ತೀನಿ. ಅರಗು, ಮುದ್ರೆ ಎಲ್ಲಾ ನಮ್ಮ ಹತ್ರಾನೇ ಇದೆ. ನೀವು ಸೀಲು ಸುಸ್ಥಿತಿಲಿತ್ತು ಅಂತ ಒಂದು ಸಾಲು ಬರೀರಿ ಸಾಕು. ಸೋಮವಾರ ಸಹಿ ಆಗ್ಲಿ. ನಿಮ್ಮ ಎಸಿಪಿ ಸಾಹೇಬ್ರಿಗೂ ಹೇಳಿದೀನಿ."

ಹೇಳಿದ್ದು ನಿಜ. ಅಷ್ಟರಲ್ಲೇ ಭೈರೇಶ್‌ನ ಮೊಬೈಲ್ ರಿಂಗಾಯಿತು. ಎಸಿಪಿ ಹೇಳಿದ್ದನ್ನು ಅವನು ಕೊನೆವರೆಗೂ ಕೇಳಿಸಿಕೊಂಡ.

"ಎರಡು ತುಂಡಿದೆ ಸಾರ್," ಎಂದ. "ಒಂದೇ ಇದೆ ಅಂತ ಬರೆಯಲ್ಲ." ಮತ್ತೆ ಕೇಳಿಸಿಕೊಂಡ. "ಆಗ್ಲಿ ಸಾರ್. ಎಲ್ಲಿಗೆ ಬೇಕಾದ್ರೂ ವರ್ಗ ಮಾಡಿ, ಹೋಗ್ತೀನಿ."

ಫೋನ್ ಜೇಬಿಗೆ ಹಾಕಿ, ಪಂಚರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ ಬರೆಸಿದ: "ಕೊಂಡಿ ಎರಡು ತುಂಡು. ಅರಗಿನ ಸೀಲು ಪೂರ್ತಿ ಒಡೆದಿದೆ." ಪಂಚರು ಸಹಿ ಹಾಕಿದರು. ಅಂಜಿನಯ್ಯನವರ ಕಾರು ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಭೈರೇಶ್‌ಗೆ ಎಷ್ಟೋ ವರ್ಷಗಳ ಮೇಲೆ ತನ್ನ ಕೆಲಸ ಹಿತವೆನಿಸಿತು. ಆದರೆ ಕೆಲಸ ಮುಗಿದಿರಲಿಲ್ಲ. ಸಂಜೆ ಐದೂ ನಲವತ್ತಕ್ಕೆ ನಂಬಿಕೆದ್ರೋಹದ ಆರೋಪದ ಮೇಲೆ ಯಶೋದಮ್ಮ ನೀಲಾಂಬಿಕಾರನ್ನು ಬಂಧಿಸಿದಳು.

ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಜೀಪು ನಿಂತಿತು. ಯಶೋದಮ್ಮನಿಗೆ ತಡೆಯಲಾಗಲಿಲ್ಲ.

"ನೌಕರಿ ಹೋಗುತ್ತೆ, ಪಿಂಚಣಿ ಹೋಗುತ್ತೆ. ಯಾಕ್ ಮೇಡಂ ಬೇಕಿತ್ತು ಇದೆಲ್ಲಾ?"

ನೀಲಾಂಬಿಕಾ ಹೊರಗೆ ನೋಡುತ್ತಲೇ ಹೇಳಿದರು. ನಾಲ್ಕು ವರ್ಷದ ಹಿಂದೆ ಸಾಮಗ್ರಿಗಳ ಪರೀಕ್ಷೆಗೆಂದು ಹಿಮದ ನಾಡಿನ ಒಂದು ಸೇನಾ ಠಾಣ್ಯಕ್ಕೆ ಹೋಗಿದ್ದರು. ಅಲ್ಲೊಬ್ಬ ಸೈನಿಕನಿಗೆ ಉಸಿರಾಟದ ತೊಂದರೆಯಾಯಿತು. ಕೆಳಗಿಳಿಸಲು ಜನ ಸಾಲದೆ ಸ್ಟ್ರೆಚರಿನ ಒಂದು ಹಿಡಿಗೆ ಇವರೇ ಕೈ ಕೊಟ್ಟರು. ಇಳಿಜಾರಿನ ತಿರುವಿನಲ್ಲಿ ಕೊಂಡಿ ಬಿಚ್ಚಿಕೊಂಡಿತು.

"ಹಿಡಿ ನನ್ನ ಕೈಲೇ ಇತ್ತು. ಹುಡುಗ ಇರ್ಲಿಲ್ಲ."

ಜೀಪು ನಾಲ್ಕು ಅಡಿ ಮುಂದೆ ಸರಿದು ಮತ್ತೆ ನಿಂತಿತು.

"ಆಮೇಲೆ ಆ ಕೊಂಡಿನ ತಪಾಸಣೆಗೆ ಇಲ್ಲಿಗೇ ತಂದ್ರು. ಮಾದರಿ ಪಕ್ಕ ಇಟ್ಟು ಅಳತೆ ತೆಗೆದ್ರು. ಕೂದಲೆಳೆ ವ್ಯತ್ಯಾಸ ಇಲ್ಲ. ಮಾದರಿಯಂತೆಯೇ ಇದೆ, ದೋಷವಿಲ್ಲ ಅಂತ ವರದಿ ಆಯ್ತು."

"ಬರೆದಿದ್ದು ಅಂಜಿನಯ್ಯನಾ?" ಭೈರೇಶ್ ಹಿಂದಕ್ಕೆ ತಿರುಗಿ ಕೇಳಿದ.

"ಇಲ್ಲ ಸಾರ್," ಎಂದರು ನೀಲಾಂಬಿಕಾ. "ನಾನೇ ಬರೆದೆ."